ದವಡೆ ಟಕ್ ಎಂದರೆ ಅದು ಕಾಯಿಲೆಯೇ?

ಮುಂಬೈಯಲ್ಲಿ ನಮ್ಮ ಕನ್ನಡ ಸಂಘಗಳು ಆಗಾಗ ಉಚಿತ ದಂತ ತಪಾಸಣೆ ಶಿಬಿರ ಇಟ್ಟುಕೊಳ್ಳುತ್ತವೆ. ಹುಳುಕು ಹಲ್ಲಿನ ಮಾತು ಮುಗಿದ ಮೇಲೆ ಕೆಲವರು ಎದ್ದು ಹೋಗದೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ. "ಡಾಕ್ಟ್ರೇ, ಬಾಯಿ ತೆರೆದಾಗ ಕಿವಿ ಹತ್ತಿರ ಟಕ್ ಅನ್ನುತ್ತೆ. ಏನಾದ್ರೂ ತೊಂದರೆನಾ?" ಕೆಲವರ ಕೈಯಲ್ಲಿ ಆಗಲೇ ಎಂಆರ್‌ಐ ರಿಪೋರ್ಟ್ ಇರುತ್ತದೆ. ಡಿಸ್ಕ್ ಜಾರಿದೆ ಎಂದು ಅದರಲ್ಲಿ ಬರೆದಿರುತ್ತದೆ. ನೋವಿಲ್ಲ, ಊಟಕ್ಕೆ ಅಡ್ಡಿಯಿಲ್ಲ. ಆದರೆ ಆ ಒಂದು ಸಾಲು ಓದಿದ ದಿನದಿಂದ ಚಕ್ಕುಲಿ ಮುಟ್ಟಲೂ ಹೆದರಿಕೆ.

ಈ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ದವಡೆಯ ಸದ್ದು ಎಂದರೆ ಕಾಯಿಲೆಯ ಮೊದಲ ಮೆಟ್ಟಿಲು ಎಂದು ಒಂದು ಕಾಲದಲ್ಲಿ ಬಹಳ ವೈದ್ಯರೇ ನಂಬಿದ್ದರು. ಆ ನಂಬಿಕೆಯ ಬೆಲೆಯನ್ನು ರೋಗಿಗಳು ತೆತ್ತರು. ಆ ಕಥೆ ಗೊತ್ತಿದ್ದರೆ ಇವತ್ತು ಸದ್ದನ್ನು ಪರೀಕ್ಷಿಸುವ ರೀತಿ ಯಾಕೆ ಬದಲಾಗಿದೆ ಎಂಬುದೂ ಅರ್ಥವಾಗುತ್ತದೆ.

ಮೊದಲು ಸದ್ದು ಎಲ್ಲಿಂದ ಬರುತ್ತದೆ ಎಂದು ನೋಡೋಣ. ಕಿವಿಯ ಮುಂದೆ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆಯಿರಿ. ಒಳಗೆ ಏನೋ ಉರುಳಿ ಮುಂದೆ ಸರಿಯುವುದು ಗೊತ್ತಾಗುತ್ತದೆ. ಅದು ಕೆಳದವಡೆಯ ಗುಂಡನೆಯ ತುದಿ. ಮೊದಲು ಇದ್ದಲ್ಲೇ ತಿರುಗುತ್ತದೆ, ಬಾಯಿ ಇನ್ನೂ ಅಗಲವಾದರೆ ಮುಂದಕ್ಕೆ ಜಾರುತ್ತದೆ. ಅದಕ್ಕೂ ತಲೆಬುರುಡೆಗೂ ನಡುವೆ ನಾರಿನಂಥ ಒಂದು ತೆಳು ಡಿಸ್ಕ್ ಇದೆ. ತಲೆಯ ಮೇಲಿನ ಸಿಂಬೆ ಮುಂದೆ ಸರಿದರೆ ಕೊಡ ಕೂರುವ ಜಾಗ ತಪ್ಪುತ್ತದಲ್ಲ, ಇಲ್ಲೂ ಹಾಗೇ. ಡಿಸ್ಕ್ ಮುಂದಕ್ಕೆ ಜಾರಿದರೆ ಮೂಳೆ ಅದರ ಹಿಂದೆ ಉಳಿಯುತ್ತದೆ. ಬಾಯಿ ತೆರೆಯುವಾಗ ಮೂಳೆ ಡಿಸ್ಕಿನ ದಪ್ಪ ಅಂಚನ್ನು ದಾಟಿ ತನ್ನ ಜಾಗಕ್ಕೆ ಬರುತ್ತದೆ. ಆಗ ಟಕ್. ಮುಚ್ಚುವಾಗ ಮತ್ತೆ ತಪ್ಪುತ್ತದೆ. ಆಗ ಇನ್ನೊಂದು ಟಕ್, ಸಾಮಾನ್ಯವಾಗಿ ಮೊದಲಿನದಕ್ಕಿಂತ ಮೆಲ್ಲಗೆ. ಕರಕರ ಸದ್ದಿನ ಕಥೆ ಬೇರೆ. ಕೀಲಿನ ಮೇಲ್ಮೈ ಸವೆದು ಒರಟಾದಾಗ ಅದು ಬರುತ್ತದೆ. ಜೋರಾಗಿ ಆಕಳಿಸಿದಾಗ ಮಾತ್ರ ಬರುವ ದಪ್ಪ ಸದ್ದು, ಕೀಲು ಸಡಿಲವಿದ್ದವರಲ್ಲಿ ಮೂಳೆ ತನ್ನ ಎಲ್ಲೆ ದಾಟಿದ್ದರಿಂದ ಆಗಿರಬಹುದು.

ಜಾರಿದ ಡಿಸ್ಕನ್ನು ಹೊಲಿಗೆ ಹಾಕಿ ಹಿಂದಕ್ಕೆ ಕೂರಿಸುವ ಆಪರೇಷನ್ ಬಗ್ಗೆ ಎಡಿನ್‌ಬರೋದ ಸರ್ಜನ್ ಥಾಮಸ್ ಅನಾಂಡೇಲ್ 1887ರಲ್ಲೇ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಆದರೆ ಈ ಕೀಲಿಗೆ ದೊಡ್ಡ ಹೆಸರು ತಂದುಕೊಟ್ಟದ್ದು ಒಬ್ಬ ಇಎನ್‌ಟಿ ವೈದ್ಯರು. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಜೇಮ್ಸ್ ಕಾಸ್ಟೆನ್ 11 ರೋಗಿಗಳ ವಿವರ ಬರೆದರು. ಕಿವಿನೋವು, ಕಿವಿಯೊಳಗೆ ಮೊರೆತ, ಕಿವಿ ಕಟ್ಟಿದ ಹಾಗೆ ಅನಿಸುವುದು, ತಲೆಸುತ್ತು. ಹಿಂದಿನ ಹಲ್ಲು ಹೋದವರಲ್ಲಿ ದವಡೆ ಅತಿಯಾಗಿ ಮುಚ್ಚಿಕೊಂಡು ಕೀಲು ಹಿಂದೆ ಒತ್ತುತ್ತದೆ, ಅಲ್ಲಿನ ನರ ಸಿಕ್ಕಿಕೊಳ್ಳುತ್ತದೆ ಎಂಬುದು ಅವರ ವಾದ. ಅಂಗರಚನಾ ತಜ್ಞ ಹ್ಯಾರಿ ಸಿಷರ್ 1948ರಲ್ಲಿ ಅದನ್ನು ಪ್ರಶ್ನಿಸಿದರು. ಕಾಸ್ಟೆನ್ ಹೇಳಿದ ರೀತಿಯಲ್ಲಿ ನರ ಒತ್ತಿಹೋಗಲು ಸಾಧ್ಯವಿಲ್ಲ ಎಂದು ತೋರಿಸಿದರು. ವಾದ ಬಿದ್ದುಹೋಯಿತು, ಆದರೆ ಕಾಸ್ಟೆನ್ ಹೆಸರು ದಶಕಗಟ್ಟಲೆ ಉಳಿಯಿತು. ಕಿವಿಗೂ ಈ ಕೀಲಿಗೂ ನಡುವಿನ ಮೂಳೆ ತೆಳು. ಇಂದಿಗೂ ಎಷ್ಟೋ ಜನ ಮೊದಲು ಹೋಗುವುದು ಇಎನ್‌ಟಿ ಹತ್ತಿರವೇ.

ಸದ್ದಿನ ಗುಟ್ಟು ಬಯಲಾದದ್ದು 1970ರ ದಶಕದ ಕೊನೆಗೆ. ಅಮೆರಿಕದಲ್ಲಿ ವಿಲಿಯಂ ಫರಾರ್, ವಿಲಿಯಂ ಮೆಕಾರ್ಟಿ, ಕ್ಲೈಡ್ ವಿಲ್ಕ್ಸ್ ಮುಂತಾದವರು ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವವನ್ನು ಕೀಲಿನೊಳಗೆ ಚುಚ್ಚಿ ಚಿತ್ರ ತೆಗೆದರು. ಡಿಸ್ಕ್ ಜಾರುವುದೂ ಮರಳುವುದೂ ಕಣ್ಣಿಗೆ ಕಂಡಿತು. ಇದು ನಿಜಕ್ಕೂ ದೊಡ್ಡ ಸಾಧನೆ. ಕಷ್ಟ ಶುರುವಾದದ್ದು ಮುಂದಿನ ಹೆಜ್ಜೆಯಲ್ಲಿ. ಇವತ್ತು ಟಕ್ ಅನ್ನುವುದು ನಾಳೆ ಬಾಯಿ ತೆರೆಯದಂತೆ ಲಾಕ್ ಆಗುತ್ತದೆ, ನಾಡಿದ್ದು ಸವೆದು ಹೋಗುತ್ತದೆ ಎಂದು ಲೆಕ್ಕ ಹಾಕಿದರು. ಹಾಗಾದರೆ ಈಗಲೇ ಡಿಸ್ಕನ್ನು ಜಾಗಕ್ಕೆ ತರಬೇಕು, ಅಲ್ವಾ? ಹಲ್ಲಿನ ಮೇಲೆ ತೊಟ್ಟು ದವಡೆಯನ್ನು ಮುಂದಕ್ಕೆ ಹಿಡಿದಿಡುವ ಸ್ಪ್ಲಿಂಟ್‌ಗಳು ಬಂದವು, ಆಪರೇಷನ್‌ಗಳು ಜಾಸ್ತಿಯಾದವು. ಡಿಸ್ಕ್ ತೆಗೆದು ಅದರ ಜಾಗಕ್ಕೆ ಕೃತಕ ಇಂಪ್ಲಾಂಟ್ ಇಡುವ ಕ್ರಮವೂ ಬಂತು. ಹ್ಯೂಸ್ಟನ್‌ನ ವೈಟೆಕ್ ಕಂಪನಿಯ ಪ್ರೋಪ್ಲಾಸ್ಟ್-ಟೆಫ್ಲಾನ್ ಇಂಪ್ಲಾಂಟ್‌ಗೆ 1983ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣ ನಿಯಂತ್ರಕ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅಗಿಯುವ ಒತ್ತಡಕ್ಕೆ ಅದು ಪುಡಿಯಾಯಿತು. ಆ ಚೂರುಗಳ ವಿರುದ್ಧ ದೇಹ ತಿರುಗಿಬಿತ್ತು, ಸುತ್ತಲಿನ ಮೂಳೆಯೇ ಕರಗಿತು. 1990ರ ಕೊನೆಗೆ ಎಫ್‌ಡಿಎ ಎಚ್ಚರಿಕೆ ಕೊಟ್ಟು, ನಂತರ ಇಂಪ್ಲಾಂಟ್‌ಗಳನ್ನು ಹಿಂದಕ್ಕೆ ತರಿಸಿತು. ಅಷ್ಟರಲ್ಲಿ ಸಾವಿರಾರು ಜನರ ದವಡೆಯೊಳಗೆ ಅದು ಕೂತಾಗಿತ್ತು. ಎಷ್ಟೋ ಮಂದಿ ಆಪರೇಷನ್ ಮೇಲೆ ಆಪರೇಷನ್ ಮಾಡಿಸಿಕೊಂಡು ಜೀವನವಿಡೀ ನೋವು ಅನುಭವಿಸಿದರು. ಈ ಭಾಗವನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಈ ನಡುವೆ ಎಂಆರ್‌ಐ ಬಂತು. ಯಾವ ತೊಂದರೆಯೂ ಇಲ್ಲದವರ ದವಡೆಗಳನ್ನೂ ಅದರಲ್ಲಿ ನೋಡಿದರು. ಸುಮಾರು ಮೂರರಲ್ಲಿ ಒಬ್ಬರ ಡಿಸ್ಕ್ ಜಾರಿಯೇ ಇತ್ತು! 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಫಿನ್‌ಲ್ಯಾಂಡಿನ ಒಂದು ಅಧ್ಯಯನ ಬಂತು. 14 ವರ್ಷದ ಮಕ್ಕಳನ್ನು 23ರವರೆಗೆ ಗಮನಿಸಿದ್ದರು. ಟಕ್ ಸದ್ದು ಇದ್ದವರು 11 ಶೇಕಡಾದಿಂದ 34 ಶೇಕಡಾಕ್ಕೆ ಏರಿದರು. ಆದರೆ ಸದ್ದು ಒಂದು ಸಲ ಇದ್ದರೆ ಇನ್ನೊಂದು ಸಲ ಇರುತ್ತಿರಲಿಲ್ಲ. ದವಡೆ ಲಾಕ್ ಆಯಿತೆಂದು ಒಬ್ಬರೂ ಹೇಳಲಿಲ್ಲ.

ಅಷ್ಟರಲ್ಲಿ ಪರೀಕ್ಷೆಗೆ ಒಂದು ಶಿಸ್ತು ಬರತೊಡಗಿತ್ತು. ಒಬ್ಬ ವೈದ್ಯರಿಗೆ ಕೇಳಿದ ಸದ್ದು ಇನ್ನೊಬ್ಬರಿಗೆ ಕೇಳದಿದ್ದರೆ ಏನು ಮಾಡುವುದು? 1992ರಲ್ಲಿ ಸ್ಯಾಮ್ಯುಯೆಲ್ ಡ್ವರ್ಕಿನ್ ಮತ್ತು ಲಿಂಡಾ ಲೆರೆಶ್ ಸಂಶೋಧನೆಗೆಂದು ಒಂದು ಮಾನದಂಡ ಕೊಟ್ಟರು. ಮೂರು ಸಲ ತೆರೆದು ಮುಚ್ಚಿದಾಗ ಎರಡು ಸಲವಾದರೂ ಟಕ್ ಸಿಗಬೇಕು ಎಂದರು. 2014ರ ಹೊಸ ಮಾನದಂಡ ರೋಗಿಯ ಮಾತಿಗೂ ಬೆಲೆ ಕೊಟ್ಟಿತು. ಕಳೆದ 30 ದಿನಗಳಲ್ಲಿ ಸದ್ದು ಬಂದಿತ್ತೇ ಎಂದು ಕೇಳುತ್ತಾರೆ. ಪರೀಕ್ಷೆಯ ಹೊತ್ತಿನಲ್ಲಿ ನಿಮಗೂ ಕೇಳಿಸಿತೇ ಎಂದೂ ಕೇಳುತ್ತಾರೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ 2014ರ ಲೆಕ್ಕ. ಜಾರಿ ಮರಳುವ ಡಿಸ್ಕ್ ಇರುವ 100 ಜನರಲ್ಲಿ ಬರೀ ಕೈಯ ಪರೀಕ್ಷೆಗೆ ಸಿಗುವವರು ಸುಮಾರು 34 ಮಾತ್ರ. ಕರಕರ ಸದ್ದಿನಿಂದ ಸವೆತ ಗುರುತಿಸುವುದು 100ಕ್ಕೆ 55. ಆದರೆ ಕೀಲಿನ ನೋವನ್ನು ಗುರುತಿಸುವಲ್ಲಿ ಇದೇ ಪರೀಕ್ಷೆ 100ಕ್ಕೆ 89 ಸಲ ಸರಿ. ವೈದ್ಯರ ಬೆರಳು ಸದ್ದಿಗಿಂತ ನೋವನ್ನು ಚೆನ್ನಾಗಿ ಹಿಡಿಯುತ್ತದೆ. ಡಿಸ್ಕ್ ಜಾರಿದ್ದನ್ನು ಖಚಿತಪಡಿಸಲು ಎಂಆರ್‌ಐ ಬೇಕು, ಸವೆತಕ್ಕೆ ಸಿಟಿ ಸ್ಕ್ಯಾನ್ ಬೇಕು, ನಿಜ. ಆದರೆ ಆ ಉತ್ತರದಿಂದ ಚಿಕಿತ್ಸೆ ಬದಲಾಗದಿದ್ದರೆ ಸ್ಕ್ಯಾನ್ ಯಾಕೆ? ಕೀಲಿನ ಕಂಪನವನ್ನು ಗೆರೆಯಾಗಿ ಬರೆಯುವ ಯಂತ್ರಗಳ ಬಗ್ಗೆಯೂ ಅಷ್ಟೇ. ಅಂಥ ಉಪಕರಣಗಳು ಆರೋಗ್ಯವಂತರನ್ನೂ ರೋಗಿಗಳನ್ನೂ ಸರಿಯಾಗಿ ಬೇರ್ಪಡಿಸುವುದಿಲ್ಲ ಎಂದು ಅಮೆರಿಕದ ದಂತ ಸಂಶೋಧಕರ ಸಂಘ 2010ರಲ್ಲಿ ಹೇಳಿತು. ಚಿಕಿತ್ಸೆ ಮೊದಲು ಸೌಮ್ಯವಾಗಿರಲಿ, ಹಿಂದಕ್ಕೆ ಪಡೆಯುವಂತಿರಲಿ ಎಂದೂ ಹೇಳಿತು.

ಹಾಗಂತ ಸದ್ದನ್ನು ಕಡೆಗಣಿಸಿ ಎನ್ನುತ್ತಿಲ್ಲ. ಸದ್ದಿನ ಜೊತೆ ಅಗಿಯುವಾಗ ನೋವಿದ್ದರೆ, ದವಡೆ ಆಗಾಗ ಸಿಕ್ಕಿಕೊಳ್ಳುತ್ತಿದ್ದರೆ ತೋರಿಸಲೇಬೇಕು. ಇನ್ನೂ ಒಂದು ಮಾತು ಮನೆಯವರಿಗೆಲ್ಲ ಗೊತ್ತಿರಬೇಕು. ವರ್ಷಗಳಿಂದ ಇದ್ದ ಟಕ್ ಒಂದು ದಿನ ತಟ್ಟನೆ ನಿಂತು, ಅವತ್ತೇ ಬಾಯಿ ಪೂರ್ತಿ ತೆರೆಯಲಾಗದಿದ್ದರೆ ಅದು ಗುಣವಾದ ಲಕ್ಷಣವಲ್ಲ. ಡಿಸ್ಕ್ ಮರಳದೆ ದಾರಿಗೆ ಅಡ್ಡ ಕೂತಿರಬಹುದು. ತಡಮಾಡದೆ ಹೋಗಿ.

ನಮ್ಮ ಊರಿನಲ್ಲಿ ಬಾಯಿ ತೆರೆಯದಿರುವುದಕ್ಕೆ ಇನ್ನೊಂದು ದೊಡ್ಡ ಕಾರಣವಿದೆ. ಅಡಿಕೆ ಮತ್ತು ಗುಟ್ಕಾ ಜಗಿದು ಕೆನ್ನೆಯ ಒಳಪದರ ಗಟ್ಟಿಯಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್. 1953ರಲ್ಲಿ ಇದನ್ನು ಆ ಹೆಸರಿನಲ್ಲಿ ವಿವರಿಸಿದವರು ಮುಂಬೈಯ ಡಾ. ಎಸ್. ಜಿ. ಜೋಶಿ. ಮಹಾರಾಷ್ಟ್ರ 2012ರಲ್ಲಿ ಗುಟ್ಕಾ ನಿಷೇಧಿಸಿದರೂ ರೋಗ ನಿಂತಿಲ್ಲ. ಇದರಲ್ಲಿ ಕೀಲಿನ ತಪ್ಪಿಲ್ಲ. ಖಾರ ತಿಂದರೆ ಬಾಯಿ ಉರಿಯುತ್ತದೆ, ಕೆನ್ನೆ ಬಿಳಿಚಿಕೊಂಡು ಬಿಗಿಯುತ್ತದೆ. ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ಬಾಯಿ ಬಿಗಿದವರು ಜಗಿಯುವ ಅಭ್ಯಾಸವನ್ನು ಡಾಕ್ಟರಿಗೆ ಮುಚ್ಚಿಡಬಾರದು.

ಮುಂಬೈ ಸೆಂಟ್ರಲ್‌ನ ನಾಯರ್ ದಂತ ಆಸ್ಪತ್ರೆ ಪಾಲಿಕೆಯದ್ದು. ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿರುವುದು ಸರ್ಕಾರಿ ದಂತ ಕಾಲೇಜು. ಎಲ್ಲಿಗೇ ಹೋದರೂ ಸರಿಯಾದ ಪರೀಕ್ಷೆ ಹೀಗಿರುತ್ತದೆ: ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಮೂರು ಸಲ ತೆರೆದು ಮುಚ್ಚಿಸುತ್ತಾರೆ. ದವಡೆಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಸರಿಸಲು ಹೇಳುತ್ತಾರೆ. ಸದ್ದು ಮೂಳೆಯಲ್ಲಿ ಹರಿದು ಆಚೆ ಬದಿಯಲ್ಲೂ ಕೇಳಿಸುವುದರಿಂದ ನಿಮಗೆ ಯಾವ ಬದಿ ಅನಿಸಿತು ಎಂದು ಕೇಳುತ್ತಾರೆ. ಒತ್ತಿದಾಗ ಬರುವ ನೋವು ನಿಮ್ಮ ಮಾಮೂಲಿ ನೋವೇ ಎಂದು ವಿಚಾರಿಸುತ್ತಾರೆ. ಕೊನೆಗೆ ಮುಂದಿನ ಹಲ್ಲುಗಳ ನಡುವೆ ಸ್ಕೇಲ್ ಇಟ್ಟು ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆಯುತ್ತಾರೆ. ಸಾಮಾನ್ಯವಾಗಿ 40 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾರಣ ಹುಡುಕಬೇಕು. ಆ ಅಳತೆಯನ್ನು ಕೇಸ್ ಪೇಪರ್ ಮೇಲೆ ತಾರೀಕಿನ ಜೊತೆ ಬರೆಸಿಕೊಳ್ಳಿ. ಮುಂದಿನ ಸಲ ಹೋಲಿಸಿ ನೋಡಲು ಅದು ಬೇಕಾಗುತ್ತದೆ.