ಮನೆಯಲ್ಲಿ ಸರಿಯಾಗಿ ಬರುವುದು ವೇದಿಕೆಯ ಮೇಲೆ ಏಕೆ ಕೈಕೊಡುತ್ತದೆ?

ಪ್ರಶ್ನೆ: ಹಲವು ವರ್ಷಗಳಿಂದ ಸಂಗೀತಾಭ್ಯಾಸ ಮಾಡುತ್ತಿದ್ದೇನೆ. ಮನೆಯಲ್ಲಿ ನುಡಿಸುವಾಗ ಎಲ್ಲವೂ ಸರಿಯಾಗಿ ಬರುತ್ತದೆ. ವೇದಿಕೆ ಏರಿದರೆ ಕೈ ನಡುಗುತ್ತದೆ, ಚೆನ್ನಾಗಿ ಗೊತ್ತಿರುವ ಜಾಗಗಳಲ್ಲೇ ತಪ್ಪುತ್ತೇನೆ. ಮುಗಿದ ಮೇಲೆ ಹೇಗೆ ನುಡಿಸಿದೆ ಎಂಬುದೇ ತಿಳಿಯುವುದಿಲ್ಲ. ಕೆಲವರು ಚೆನ್ನಾಗಿತ್ತು ಎನ್ನುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ನನ್ನ ನಿಜವಾದ ಮಟ್ಟ ಯಾವುದು? ಇದನ್ನು ಸರಿಪಡಿಸಿಕೊಳ್ಳುವುದು ಹೇಗೆ?

ಉತ್ತರ: ವಾದ್ಯ ಯಾವುದೇ ಇರಲಿ, ಗಾಯನವೇ ಇರಲಿ, ಈ ಪ್ರಶ್ನೆ ಅಷ್ಟಿಷ್ಟು ಮಾತು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯವಾಗಿ ಇದನ್ನು ಎರಡಾಗಿ ಒಡೆದು ಉತ್ತರಿಸುವುದುಂಟು: ನಡುಕಕ್ಕೆ ಸಭಾಕಂಪದ ಪರಿಹಾರ, ಮಟ್ಟ ತಿಳಿಯದಿರುವುದಕ್ಕೆ ಹಿರಿಯರ ಅಭಿಪ್ರಾಯ. ಇವೆರಡೂ ಬಹುಮಟ್ಟಿಗೆ ಒಂದೇ ತೊಂದರೆ ಎಂದು ನನ್ನ ನಂಬಿಕೆ, ಮತ್ತು ಅದನ್ನು ಬಿಡಿಸಲು ಮೊದಲು ಹಿಡಿಯಬೇಕಾದ ಎಳೆ ಸ್ವಮೌಲ್ಯಮಾಪನ. ತಾನು ಎಷ್ಟರ ಮಟ್ಟಿಗೆ ಸಿದ್ಧ ಎಂಬುದರ ಬಗ್ಗೆ ನಂಬಲರ್ಹವಾದ ತಿಳಿವಳಿಕೆ ಇಲ್ಲದೆ ಸಭೆಯ ಮುಂದೆ ಕೂರುವವರಿಗೆ ಹೆದರಿಕೆಯಾಗುವುದು ಸಹಜ. ಆ ತಿಳಿವಳಿಕೆ ಬಂದಾಗ ಹೆದರಿಕೆ ಪೂರ್ತಿ ಹೋಗದಿದ್ದರೂ ಅದರ ಸ್ವರೂಪ ಬದಲಾಗುತ್ತದೆ.

‘ಮನೆಯಲ್ಲಿ ಸರಿಯಾಗಿ ಬರುತ್ತದೆ’ ಎಂಬ ಮಾತನ್ನೇ ಮೊದಲು ಪರಿಶೀಲಿಸೋಣ. ಮನೆಯಲ್ಲಿ ಅರ್ಧ ಗಂಟೆ ಕೈ ಪಳಗಿಸಿಕೊಂಡ ಮೇಲೆ, ಕಷ್ಟದ ಭಾಗವನ್ನು ಎರಡು ಮೂರು ಸಲ ತಪ್ಪಿ, ನಿಲ್ಲಿಸಿ, ಮತ್ತೆ ಹಿಡಿದು, ಕೊನೆಗೆ ಸರಿಯಾಗಿ ನುಡಿಸಿ ಏಳುತ್ತೇವೆ. ನೆನಪಿನಲ್ಲಿ ಉಳಿಯುವುದು ಆ ಕೊನೆಯ ಸಲ. ವೇದಿಕೆಯಲ್ಲಿ ಸಿಗುವುದು ಮಾತ್ರ ಮೊದಲನೆಯ ಸಲ. ಅಂದರೆ ಮನೆಯ ಐದನೇ ಯತ್ನವನ್ನು ಸಭೆಯ ಮೊದಲ ಯತ್ನದೊಂದಿಗೆ ಹೋಲಿಸಿ ‘ವೇದಿಕೆಯಲ್ಲಿ ಕೆಡುತ್ತದೆ’ ಎಂದು ತೀರ್ಮಾನಿಸುತ್ತಿದ್ದೇವೆ. ಮನೆಯ ಮೊದಲ ಯತ್ನವನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಬಹಳ ಸಲ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ ಇರುತ್ತದೆ.

ಅಭ್ಯಾಸದ ಹೊತ್ತಿನ ಸರಾಗತೆ ಎಷ್ಟು ಮೋಸಗೊಳಿಸುತ್ತದೆ ಎಂಬುದಕ್ಕೆ ಹಳೆಯ ಪುರಾವೆಯೊಂದಿದೆ. 1979ರಲ್ಲಿ ಜಾನ್ ಶಿಯಾ ಮತ್ತು ರಾಬಿನ್ ಮಾರ್ಗನ್ ಎಂಬ ಸಂಶೋಧಕರು ಮರದ ಸಣ್ಣ ತಡೆಗಳನ್ನು ಗೊತ್ತಾದ ಕ್ರಮದಲ್ಲಿ ವೇಗವಾಗಿ ಬೀಳಿಸುವ ಮೂರು ಬಗೆಯ ಕೈಚಲನೆಗಳನ್ನು ಕೆಲವರಿಗೆ ಕಲಿಸಿದರು. ಒಂದು ಗುಂಪು ಒಂದೊಂದನ್ನೇ ಮುಗಿಸಿ ಮುಂದಕ್ಕೆ ಹೋಯಿತು. ಇನ್ನೊಂದು ಗುಂಪು ಮೂರನ್ನೂ ಕಲಸಿ ಅಭ್ಯಾಸ ಮಾಡಿತು. ಅಭ್ಯಾಸದ ಸಮಯದಲ್ಲಿ ಮೊದಲ ಗುಂಪೇ ಮುಂದಿತ್ತು. ಆದರೆ ನಂತರ ನಡೆಸಿದ ಪರೀಕ್ಷೆಗಳಲ್ಲಿ, ಹತ್ತು ದಿನ ಕಳೆದ ಮೇಲಿನ ಪರೀಕ್ಷೆಯೂ ಸೇರಿದಂತೆ, ಕಲಸಿ ಅಭ್ಯಾಸ ಮಾಡಿದವರು ಹೆಚ್ಚು ಉಳಿಸಿಕೊಂಡಿದ್ದರು. ಸಂಗೀತಗಾರರು ಇದರಿಂದ ತೆಗೆದುಕೊಳ್ಳಬೇಕಾದ ಅರ್ಥ ಸ್ಪಷ್ಟವಾಗಿದೆ: ಒಂದೇ ಭಾಗವನ್ನು ಹತ್ತು ಸಲ ಬೆನ್ನುಬೆನ್ನಿಗೆ ನುಡಿಸಿದಾಗ ಬರುವ ಹಿಡಿತದಲ್ಲಿ ಎಷ್ಟೋ ಪಾಲು ಆ ಹೊತ್ತಿನದು, ನಾಳೆಗೆ ಉಳಿಯುವಂಥದ್ದಲ್ಲ.

ಆದ್ದರಿಂದ ಮಟ್ಟವನ್ನು ತಿಳಿಯಲು ನಾನು ಎಲ್ಲಕ್ಕಿಂತ ಮೊದಲು ಸೂಚಿಸುವುದು ಮೊದಲ ಯತ್ನದ ಧ್ವನಿಮುದ್ರಣ. ದಿನದ ಯಾವುದೋ ಹೊತ್ತಿನಲ್ಲಿ, ಬೇರೆ ಕೆಲಸದ ನಡುವಿನಿಂದ ಎದ್ದು ಬಂದು, ಶ್ರುತಿ ಸರಿಮಾಡಿಕೊಂಡು, ಪೂರ್ವಸಿದ್ಧತೆಯಿಲ್ಲದೆ ಕೃತಿಯನ್ನು ಒಮ್ಮೆ ಮಾತ್ರ, ಎಲ್ಲಿಯೂ ನಿಲ್ಲಿಸದೆ, ಮೊಬೈಲಿನಲ್ಲಿ ಮುದ್ರಿಸಿಕೊಳ್ಳುತ್ತಾ ನುಡಿಸಬೇಕು. ಏರುಸ್ಥಾಯಿಯ ಕಠಿಣ ಗಾಯನದಂಥದ್ದಕ್ಕೆ ಗಂಟಲನ್ನು ಹದಗೊಳಿಸಿಕೊಳ್ಳುವುದು ಅಗತ್ಯವೇ. ಅಲ್ಲಿ ಕಾರ್ಯಕ್ರಮದ ದಿನ ಎಷ್ಟು ಸಿದ್ಧತೆ ಸಾಧ್ಯವೋ ಅಷ್ಟನ್ನೇ ಇಟ್ಟುಕೊಂಡರೆ ಸಾಕು. ನುಡಿಸುವ ಮುನ್ನ ಒಂದು ಚೀಟಿಯಲ್ಲಿ ಮುನ್ನಂದಾಜು ಬರೆದಿಡಬೇಕು: ಯಾವ ಜಾಗಗಳು ನಿಲ್ಲುತ್ತವೆ, ಯಾವುವು ಅಲುಗಾಡುತ್ತವೆ, ಎಲ್ಲಿ ಲಯ ಓಡಬಹುದು. ಆಮೇಲೆ ಮುದ್ರಣವನ್ನು ಕೇಳಿ ಅಂದಾಜಿನೊಂದಿಗೆ ಹೋಲಿಸಬೇಕು. ತಪ್ಪುಗಳ ಸಂಖ್ಯೆಗಿಂತಲೂ ಅಂದಾಜಿಗೂ ವಾಸ್ತವಕ್ಕೂ ಇರುವ ಅಂತರವೇ ಇಲ್ಲಿ ಮುಖ್ಯ. ‘ಇಲ್ಲಿ ತಪ್ಪುತ್ತೇನೆ’ ಎಂದು ತಿಳಿದಿದ್ದು ತಪ್ಪಿದ ಜಾಗವನ್ನು ಅಭ್ಯಾಸದಿಂದ ತಿದ್ದಬಹುದು. ಸರಿಯಿದೆ ಎಂದು ನಂಬಿದ್ದು ತಪ್ಪಿದ ಜಾಗವೇ ವೇದಿಕೆಯಲ್ಲಿ ನಮ್ಮನ್ನು ಬೆಚ್ಚಿಬೀಳಿಸುವಂಥದ್ದು. ಕೆಲವು ವಾರಗಳ ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ತಾನು ಯಾವುದನ್ನು ಸದಾ ಹೆಚ್ಚೆಂದು ಎಣಿಸುತ್ತೇನೆ, ಯಾವುದನ್ನು ಕಡಿಮೆಯೆಂದು ಎಣಿಸುತ್ತೇನೆ ಎಂಬುದು ಕಾಣತೊಡಗುತ್ತದೆ.

ಮುದ್ರಣವನ್ನು ಕೇಳುವುದಕ್ಕೂ ಒಂದು ಕ್ರಮ ಬೇಕು. ಹಾಡುವವರಿಗೆ ತಮ್ಮ ಧ್ವನಿ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಬುರುಡೆಯ ಮೂಳೆಗಳ ಮೂಲಕವೂ ಕೇಳುತ್ತದೆ, ಹಾಗಾಗಿ ಕೇಳುಗರಿಗೆ ಮುಟ್ಟುವ ಧ್ವನಿ ಅವರಿಗೆ ನೇರವಾಗಿ ಎಂದೂ ಕೇಳಿಸುವುದಿಲ್ಲ. ಮೊದಮೊದಲು ಮುದ್ರಣ ಅಹಿತವೆನಿಸುವುದು ಇದರಿಂದಲೇ. ಆ ಅಹಿತವನ್ನು ತೀರ್ಪೆಂದು ತಿಳಿಯಬಾರದು. ಸಾಧ್ಯವಾದರೆ ಒಂದು ದಿನ ಬಿಟ್ಟು ಕೇಳಿ. ಒಂದು ಸಲ ಲಯಕ್ಕೆ ಮಾತ್ರ ಕಿವಿಗೊಡಿ, ಇನ್ನೊಂದು ಸಲ ಸ್ವರಸ್ಥಾನಕ್ಕೆ, ಮತ್ತೊಂದು ಸಲ ಪ್ರತಿ ಸಾಲು ಹೇಗೆ ಮುಗಿಯುತ್ತದೆ ಎಂಬುದಕ್ಕೆ. ಬರೆಯುವಾಗ ‘ಸುಮಾರಾಗಿತ್ತು’ ಎಂಬಂಥ ಮಾತುಗಳಿಗೆ ಜಾಗವಿರಬಾರದು. ‘ಎರಡನೇ ಭಾಗದ ಕೊನೆಯ ಸಾಲಿನಲ್ಲಿ ವೇಗ ಏರಿತು, ಉಸಿರು ಸಾಲಲಿಲ್ಲ’ ಎಂಬ ವಾಕ್ಯ ಮಾತ್ರ ನಾಳೆಯ ಅಭ್ಯಾಸಕ್ಕೆ ಕೆಲಸ ಕೊಡುತ್ತದೆ.

ಇಷ್ಟು ನಿಖರತೆ ಅತಿಯಾಯಿತು ಎನ್ನುವವರಿಗೆ ಟೆಕ್ಸಾಸ್ ವಿಶ್ವವಿದ್ಯಾಲಯದ ರಾಬರ್ಟ್ ಡ್ಯೂಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನಪಿಸಬೇಕು. ರಷ್ಯಾದ ಸಂಯೋಜಕ ಶೊಸ್ತಾಕೊವಿಚ್ ಅವರ ಪಿಯಾನೊ ಕನ್ಸರ್ಟೊ (ವಾದ್ಯವೃಂದದೊಂದಿಗೆ ನುಡಿಸುವ ಕೃತಿ) ಒಂದರ ಚಿಕ್ಕ ಭಾಗವನ್ನು 17 ಮಂದಿ ಪಿಯಾನೊ ವಿದ್ಯಾರ್ಥಿಗಳಿಗೆ ಅಭ್ಯಾಸಕ್ಕೆ ಕೊಟ್ಟು, ಮರುದಿನ ನುಡಿಸಲು ಹೇಳಿ ಅವರಿಗೆ ಶ್ರೇಣಿ ನೀಡಲಾಯಿತು. ಎಷ್ಟು ಹೊತ್ತು ಅಭ್ಯಾಸ ಮಾಡಿದರು, ಎಷ್ಟು ಸಲ ಪುನರಾವರ್ತಿಸಿದರು ಎಂಬುದಕ್ಕೂ ಮರುದಿನದ ಗುಣಮಟ್ಟಕ್ಕೂ ಸಂಬಂಧ ಕಾಣಲಿಲ್ಲ. ಮೇಲಿನ ಸ್ಥಾನಗಳನ್ನು ಪಡೆದವರಲ್ಲಿ ಎದ್ದು ಕಂಡದ್ದು ತಪ್ಪನ್ನು ನಡೆಸಿಕೊಂಡ ರೀತಿ: ತಪ್ಪು ಎಲ್ಲಿ, ಯಾವುದರಿಂದ ಎಂಬುದನ್ನು ಅವರು ಕೂಡಲೇ ಗುರುತಿಸುತ್ತಿದ್ದರು, ಅಲ್ಲಿ ವೇಗ ತಗ್ಗಿಸುತ್ತಿದ್ದರು, ಅದು ಸ್ಥಿರವಾಗಿ ಸರಿಹೋಗುವವರೆಗೆ ಬಿಡುತ್ತಿರಲಿಲ್ಲ. ಸ್ವಮೌಲ್ಯಮಾಪನವೆಂದರೆ ಅಭ್ಯಾಸ ಮುಗಿದ ಮೇಲೆ ಅಂಕ ಹಾಕಿಕೊಳ್ಳುವುದು ಎಂದು ಭಾವಿಸಿದ್ದರೆ ಅದನ್ನು ಬಿಡಬೇಕು. ಅದು ಅಭ್ಯಾಸದ ಒಳಗೇ, ಕ್ಷಣಕ್ಷಣಕ್ಕೂ ನಡೆಯುವ ಕೆಲಸ.

ಮಾನಸಿಕ ಅಭ್ಯಾಸವೂ ಇಲ್ಲಿ ಒಂದು ಅಳತೆಗೋಲಾಗುತ್ತದೆ. ಆಲ್ವಾರೊ ಪಾಸ್ಕುವಲ್-ಲಿಯೋನ್ ಮತ್ತು ಸಹೋದ್ಯೋಗಿಗಳು 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಿಯಾನೊ ಗೊತ್ತಿಲ್ಲದ ಕೆಲವರು ಐದು ಬೆರಳುಗಳ ಒಂದು ವರಸೆಯನ್ನು ದಿನಕ್ಕೆ ಎರಡು ಗಂಟೆಯಂತೆ ಐದು ದಿನ ಅಭ್ಯಾಸ ಮಾಡಿದರು; ಇನ್ನು ಕೆಲವರು ಅಷ್ಟೇ ಹೊತ್ತು ಬೆರಳಾಡಿಸದೆ ಮನಸ್ಸಿನಲ್ಲೇ ನುಡಿಸಿದರು. ಬೆರಳುಗಳನ್ನು ನಿಯಂತ್ರಿಸುವ ಮೆದುಳಿನ ಭಾಗದಲ್ಲಿ ಎರಡೂ ಗುಂಪುಗಳಲ್ಲಿ ಒಂದೇ ಬಗೆಯ ಬದಲಾವಣೆ ಕಂಡಿತು. ನುಡಿಸಾಣಿಕೆಯಲ್ಲಿ ಮನಸ್ಸಿನವರು ಹಿಂದಿದ್ದರು, ಆದರೆ ಒಂದೇ ದಿನದ ಕೈ ಅಭ್ಯಾಸದಿಂದ ಆ ಕೊರತೆಯನ್ನು ತುಂಬಿಕೊಂಡರು. ನನಗೆ ಇದಕ್ಕಿಂತ ಹೆಚ್ಚು ಉಪಯುಕ್ತವೆನಿಸುವುದು ಮೌನ ಅಭ್ಯಾಸದ ಪತ್ತೆಹಚ್ಚುವ ಗುಣ. ವಾದ್ಯವನ್ನು ಮುಟ್ಟದೆ, ಕಣ್ಣು ಮುಚ್ಚಿ, ಕೃತಿಯನ್ನು ಮೊದಲಿಂದ ಕೊನೆಯವರೆಗೆ ಮನಸ್ಸಿನಲ್ಲಿ ಕೇಳುತ್ತಾ ಹೋಗಿ. ಚಿತ್ರ ಮಸುಕಾಗುವ ಜಾಗದಲ್ಲಿ ನಿಮ್ಮನ್ನು ನಡೆಸುತ್ತಿರುವುದು ಬೆರಳಿನ ರೂಢಿ ಮಾತ್ರ, ತಿಳಿವಳಿಕೆಯಲ್ಲ. ರೂಢಿ ಸರಪಳಿಯಂತೆ ಸಾಗುವುದರಿಂದ ನಡುವೆ ಒಂದು ಕೊಂಡಿ ಕಳಚಿದರೆ ಮತ್ತೆ ಮೊದಲಿಗೇ ಹೋಗಬೇಕಾಗುತ್ತದೆ; ‘ಗೊತ್ತಿರುವ ಜಾಗಗಳಲ್ಲೇ ತಪ್ಪುತ್ತೇನೆ’ ಎಂಬುದರ ಕಾರಣ ಬಹಳ ಸಲ ಇದೇ. ಕೃತಿಯ ನಡುವಿನ ಯಾವ ಭಾಗದಿಂದಲಾದರೂ ಥಟ್ಟನೆ ಆರಂಭಿಸಬಲ್ಲೆನೆ ಎಂದು ಪರೀಕ್ಷಿಸಿಕೊಳ್ಳುವುದು ಇದಕ್ಕೆ ಪರಿಹಾರ.

ಇನ್ನು ನಡುಕದ ವಿಷಯ. ಅಡ್ರಿನಲಿನ್ ಏರಿದಾಗ ಹೃದಯ ಬಡಿತ ಹೆಚ್ಚುತ್ತದೆ, ಚರ್ಮದ ರಕ್ತನಾಳಗಳು ಕುಗ್ಗಿ ಬೆರಳು ತಣ್ಣಗಾಗುತ್ತವೆ, ಬಾಯಿ ಒಣಗುತ್ತದೆ. ಇದು ಅಸಾಮರ್ಥ್ಯದ ಗುರುತಲ್ಲ. ಪಾಬ್ಲೊ ಕಸಾಲ್ಸ್ ಅವರಂಥ ಚೆಲ್ಲೊವಾದಕರನ್ನು ಈ ಭಯ ಜೀವನದುದ್ದಕ್ಕೂ ಬಿಡಲಿಲ್ಲ. ಪಿಯಾನೊವಾದಕ ವ್ಲಾದಿಮಿರ್ ಹೊರೊವಿಟ್ಸ್ 1953ರಿಂದ 1965ರವರೆಗೆ ಸಾರ್ವಜನಿಕ ಕಛೇರಿಗಳಿಂದಲೇ ದೂರವಿದ್ದರು. ಇಂಥ ಸ್ಥಿತಿಯಲ್ಲಿ ‘ಶಾಂತವಾಗಿರು’ ಎಂದು ತನಗೆ ತಾನೇ ಆಜ್ಞಾಪಿಸಿಕೊಳ್ಳುವುದು ಹೆಚ್ಚು ಫಲಿಸುವುದಿಲ್ಲ. ಆಲಿಸನ್ ವುಡ್ ಬ್ರೂಕ್ಸ್ ಅವರ 2014ರ ಅಧ್ಯಯನದಲ್ಲಿ, ಅಪರಿಚಿತರ ಎದುರು ಹಾಡುವ ಮುನ್ನ ‘ನನಗೆ ಆತಂಕವಾಗಿದೆ’ ಎಂದವರಿಗಿಂತ ‘ನನಗೆ ಉತ್ಸಾಹವಾಗಿದೆ’ ಎಂದು ಹೇಳಿಕೊಂಡವರು ಹೆಚ್ಚು ನಿಖರವಾಗಿ ಹಾಡಿದರು. ದೇಹದ ಉದ್ವೇಗ ಎರಡರಲ್ಲಿಯೂ ಒಂದೇ ಆಗಿರುವುದರಿಂದ ಆ ಹೆಸರಿನ ಬದಲಾವಣೆಯನ್ನು ಮನಸ್ಸು ಒಪ್ಪಿಕೊಳ್ಳುತ್ತದೆ. ನಿಶ್ವಾಸವನ್ನು ಉಚ್ಛ್ವಾಸಕ್ಕಿಂತ ದೀರ್ಘವಾಗಿಸಿದರೆ ಹೃದಯದ ಗತಿ ಕೊಂಚ ಇಳಿಯುತ್ತದೆ. ಮೆಟ್ಟಿಲು ಹತ್ತಿಳಿದು, ಬಡಿತ ಏರಿರುವಾಗಲೇ ಕುಳಿತು ಆರಂಭದ ಸಾಲುಗಳನ್ನು ನುಡಿಸುವ ಅಭ್ಯಾಸವೂ ಒಳ್ಳೆಯದು; ಆ ಸ್ಥಿತಿಯಲ್ಲಿ ಕೈ ಅಥವಾ ಪಿಟೀಲಿನ ಬಿಲ್ಲು ಎಷ್ಟು ನಡುಗುತ್ತದೆ, ವೇಗ ಎಷ್ಟು ಏರುತ್ತದೆ ಎಂಬುದನ್ನು ಮೊದಲೇ ಅಳೆದಿಟ್ಟುಕೊಳ್ಳಬಹುದು.

ನನ್ನ ದೃಷ್ಟಿಯಲ್ಲಿ ನಡುಕಕ್ಕಿಂತ ಹೆಚ್ಚು ಹಾನಿ ಮಾಡುವುದು ನುಡಿಸುತ್ತಲೇ ನಡೆಯುವ ವಿಮರ್ಶೆ. ಪರೀಕ್ಷೆ ಬರೆಯುತ್ತಲೇ ತನ್ನ ಉತ್ತರಪತ್ರಿಕೆಯನ್ನು ತಿದ್ದಲು ಹೊರಡುವ ವಿದ್ಯಾರ್ಥಿಯಂತೆ, ಕಳೆದ ಸಾಲಿನ ತಪ್ಪಿಗೆ ಅಂಕ ಕಳೆಯುವ ಹೊತ್ತಿಗೆ ಮುಂದಿನ ಸಾಲು ಕೈತಪ್ಪಿರುತ್ತದೆ. ಜೊತೆಗೆ, ಭಯದಲ್ಲಿ ಗಮನ ಬೆರಳುಗಳ ಮೇಲೆ ಹೋಗುತ್ತದೆ, ಮತ್ತು ತಾನಾಗಿ ನಡೆಯಲು ಕಲಿತ ಚಲನೆಯನ್ನು ಕಾವಲು ಕಾಯತೊಡಗಿದರೆ ಅದು ಮುಗ್ಗರಿಸುತ್ತದೆ. ಡ್ಯೂಕ್ ಅವರ ತಂಡವೇ 2011ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಬೆರಳಿನ ಮೇಲೆ ಗಮನವಿಟ್ಟಾಗ ಬಂದದ್ದಕ್ಕಿಂತ ಹೊಮ್ಮುವ ನಾದದ ಮೇಲೆ ಗಮನವಿಟ್ಟಾಗ ನುಡಿಸಾಣಿಕೆ ಹೆಚ್ಚು ಸಮವಾಗಿತ್ತು. ವೇದಿಕೆಯಲ್ಲಿ ಮನಸ್ಸಿಗೆ ಕೊಡಬೇಕಾದ ಕೆಲಸ ಒಂದೇ: ಮುಂದಿನ ಸಾಲು ಹೇಗೆ ಕೇಳಿಸಬೇಕು ಎಂಬುದನ್ನು ನುಡಿಸುವ ಮೊದಲೇ ಒಳಗೆ ಕೇಳಿಕೊಳ್ಳುವುದು. ವಿಮರ್ಶೆಯ ದನಿ ಎದ್ದರೆ ಅದರೊಂದಿಗೆ ವಾದಕ್ಕಿಳಿಯದೆ, ಆಮೇಲೆ ನೋಡೋಣ ಎಂದು ಮುಂದೂಡಬೇಕು. ಇದು ಬರಿಯ ಸಮಾಧಾನದ ಮಾತಾಗದಿರುವುದು ಮುದ್ರಣದ ರೂಢಿ ಇರುವವರಿಗೆ ಮಾತ್ರ. ಆ ದಿನದ ನುಡಿಸಾಣಿಕೆ ದಾಖಲಾಗುತ್ತಿದೆ, ಅದನ್ನು ಕ್ರಮಬದ್ಧವಾಗಿ ನಾಳೆ ಕೇಳಲಿದ್ದೇನೆ ಎಂಬ ಭರವಸೆ ಇರುವವರು ಈಗಲೇ ತೀರ್ಪು ಕೊಡುವ ಹೊಣೆಯಿಂದ ನಿಜವಾಗಿಯೂ ಬಿಡುಗಡೆ ಪಡೆಯುತ್ತಾರೆ. ಅಳತೆಯೇ ಮೊದಲ ಎಳೆ ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕಾಗಿ.

ಕಾರ್ಯಕ್ರಮದ ರಾತ್ರಿ ಬರುವ ಅನ್ನಿಸಿಕೆಗಳನ್ನು, ಅವು ಹೊಗಳಿಕೆಯಾಗಲಿ ಹಳಹಳಿಕೆಯಾಗಲಿ, ತೀರ್ಮಾನವಾಗಿ ತೆಗೆದುಕೊಳ್ಳಬೇಡಿ. ತಮ್ಮ ಒಳಗಿನ ಕಳವಳ ಹೊರಗೆ ಎಷ್ಟು ಕಾಣುತ್ತದೆ ಎಂಬುದನ್ನು ಜನ ಸಾಮಾನ್ಯವಾಗಿ ಹೆಚ್ಚಾಗಿಯೇ ಅಂದಾಜಿಸುತ್ತಾರೆ ಎಂದು ಥಾಮಸ್ ಗಿಲೊವಿಚ್ ಮತ್ತು ಸಹೋದ್ಯೋಗಿಗಳ ಪ್ರಯೋಗಗಳು ತೋರಿಸಿವೆ. ಕೇಳುಗರ ತೀರ್ಪಿಗೂ ಮಿತಿಯಿದೆ. ಚಿಯಾ-ಜಂಗ್ ತ್ಸಾಯ್ ಅವರು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಸ್ಪರ್ಧೆಗಳ ವಿಜೇತರನ್ನು ಬರಿಯ ಧ್ವನಿ ಕೇಳಿ ಗುರುತಿಸುವುದಕ್ಕಿಂತ ಸದ್ದಿಲ್ಲದ ವಿಡಿಯೊ ನೋಡಿ ಗುರುತಿಸುವುದರಲ್ಲಿ ಜನ ಹೆಚ್ಚು ಯಶಸ್ವಿಯಾದರು. ವೃತ್ತಿಪರ ಸಂಗೀತಗಾರರೂ ಇದಕ್ಕೆ ಹೊರತಾಗಿರಲಿಲ್ಲ. ಹಾಗಾಗಿ ‘ಹೇಗಿತ್ತು?’ ಎಂದು ಕೇಳಿದರೆ ಸಿಗುವ ಉತ್ತರದಲ್ಲಿ ನಿಮ್ಮ ಮುಖಭಾವ, ನಿಲುವುಗಳ ಪಾಲೂ ಬೆರೆತಿರುತ್ತದೆ. ತಿಳಿದವರೊಬ್ಬರನ್ನು ಆರಿಸಿಕೊಂಡು ‘ನಿಧಾನದ ಭಾಗದಲ್ಲಿ ಲಯ ಜೋತು ಬಿತ್ತೇ?’ ಎಂಬಂಥ ಒಂದು ನಿರ್ದಿಷ್ಟ ಪ್ರಶ್ನೆಯನ್ನು, ಸಾಧ್ಯವಾದರೆ ಕಾರ್ಯಕ್ರಮಕ್ಕೆ ಮುಂಚೆಯೇ ಹೇಳಿಟ್ಟು, ಕೇಳಿ. ತಪ್ಪಿಗೆ ಕಾರಣ ಬರೆಯುವಾಗ ‘ನನಗೆ ಪ್ರತಿಭೆ ಇಲ್ಲ’ ಎಂಬುದನ್ನು ಎಂದೂ ಬರೆಯಬೇಡಿ, ಏಕೆಂದರೆ ಅದರಿಂದ ನಾಳೆ ಮಾಡಬೇಕಾದ ಕೆಲಸ ಯಾವುದೂ ಹುಟ್ಟುವುದಿಲ್ಲ. ‘ಆ ಭಾಗವನ್ನು ಪೂರ್ತಿ ವೇಗದಲ್ಲಿ ಮೊದಲ ಯತ್ನದಲ್ಲೇ ಪರೀಕ್ಷಿಸಿರಲಿಲ್ಲ’ ಎಂಬುದರಿಂದ ಹುಟ್ಟುತ್ತದೆ.

ಈ ಅಭ್ಯಾಸಗಳ ಕೈಗೆ ಸಿಗದ ಭಯವೂ ಇದೆ. ವಾರಗಟ್ಟಲೆ ನಿದ್ದೆ ಕೆಡುವುದು, ವಾಂತಿಯಾಗುವುದು, ಒಪ್ಪಿಕೊಂಡ ಕಾರ್ಯಕ್ರಮಗಳನ್ನು ಪದೇ ಪದೇ ಕೈಬಿಡುವುದು, ಜೀವನವೇ ಬೇಡವೆನಿಸುವುದು ಇದ್ದರೆ ತಡಮಾಡದೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು. ಸಿಡ್ನಿ ವಿಶ್ವವಿದ್ಯಾಲಯದ ಡಯಾನಾ ಕೆನ್ನಿ ಸಂಗೀತಗಾರರ ಪ್ರದರ್ಶನ ಆತಂಕವನ್ನು ಅಳೆಯಲೆಂದೇ ರೂಪಿಸಿದ ಪ್ರಶ್ನಾವಳಿಯಿದ್ದು, ಪರಿಷ್ಕೃತ ರೂಪದಲ್ಲಿ 40 ಹೇಳಿಕೆಗಳಿವೆ. ತಜ್ಞರೊಂದಿಗೆ ಮಾತು ಆರಂಭಿಸಲು ಅಂಥದ್ದು ನೆರವಾಗುತ್ತದೆ. ಪ್ರೊಪ್ರನಲಾಲ್‌ನಂಥ ಮಾತ್ರೆಗಳು ನಡುಕವನ್ನೂ ಎದೆಬಡಿತವನ್ನೂ ತಗ್ಗಿಸುವುದು ನಿಜ, ಆದರೆ ಅವು ಆಸ್ತಮಾ ಇರುವವರಿಗೆ ಅಪಾಯಕಾರಿ. ಸ್ನೇಹಿತರ ಮಾತು ಕೇಳಿ ಯಾರೂ ತೆಗೆದುಕೊಳ್ಳಬಾರದು.

ನಿಜವಾದ ಮಟ್ಟ ಯಾವುದು ಎಂಬ ನಿಮ್ಮ ಪ್ರಶ್ನೆಗೆ, ಇಷ್ಟೆಲ್ಲದರ ನಂತರ, ಒಂದೇ ಬಿಂದುವಿನ ಉತ್ತರ ಸಿಗುವುದಿಲ್ಲ. ಕಳೆದ ಒಂದೆರಡು ತಿಂಗಳ ನಿಮ್ಮ ಮೊದಲ ಯತ್ನಗಳಲ್ಲಿ ಅತ್ಯುತ್ತಮವಾದದ್ದಕ್ಕೂ ಅತಿ ದುರ್ಬಲವಾದದ್ದಕ್ಕೂ ನಡುವಿನ ಹರವೇ ನಿಮ್ಮ ಮಟ್ಟ, ಮತ್ತು ಅಭ್ಯಾಸದಿಂದ ಮೊದಲು ಮೇಲೇರಿಸಬೇಕಾದದ್ದು ಅದರ ಕೆಳಗಿನ ಅಂಚನ್ನು. ಕಾರ್ಯಕ್ರಮಕ್ಕೆ ಕೃತಿಗಳನ್ನು ಆರಿಸುವಾಗ ಆ ಕೆಳಗಿನ ಅಂಚಿನಲ್ಲೂ ಸಭೆಯ ಮುಂದೆ ನಿಲ್ಲಬಲ್ಲವನ್ನೇ ಆರಿಸಿಕೊಳ್ಳಿ. ಉಳಿದವು ಇನ್ನಷ್ಟು ಕಾಲ ಮನೆಯಲ್ಲಿರಲಿ. ಕೊನೆಯ ಎರಡು ದಿನ ಮುದ್ರಣವನ್ನೂ ಚೀಟಿಯನ್ನೂ ಪೂರ್ತಿ ನಿಲ್ಲಿಸಿ, ಏಕೆಂದರೆ ಆ ಹೊತ್ತಿಗೆ ಸಿಗುವ ಯಾವ ಮಾಹಿತಿಯನ್ನೂ ತಿದ್ದುಪಡಿಯಾಗಿ ಬದಲಿಸಲು ಸಮಯ ಉಳಿದಿರುವುದಿಲ್ಲ.