ಒಬ್ಬರೇ ಒಂದೇ ಹೊತ್ತಿಗೆ ಎರಡು ಊರಲ್ಲಿ ಇರೋಕಾಗುತ್ತಾ?

ಓದುಗರ ಪ್ರಶ್ನೆ: ನಮ್ಮ ತಾತ ಒಂದು ಕಥೆ ಹೇಳುತ್ತಿದ್ದರು. ಅವರೂರಿನ ಸ್ವಾಮಿಗಳು ಮಠದಲ್ಲಿ ಪೂಜೆಗೆ ಕೂತಿದ್ದ ಹೊತ್ತಿಗೇ ದೂರದ ಜಾತ್ರೆಯಲ್ಲೂ ಜನರಿಗೆ ಕಾಣಿಸಿಕೊಂಡಿದ್ದರಂತೆ. ಯೋಗಿಗಳಿಗೆ, ಸಂತರಿಗೆ ಇದು ನಿಜವಾಗಲೂ ಸಾಧ್ಯವಾ? ಮನಸ್ಸಿಗೆ ಅಂಥ ಶಕ್ತಿ ಇದೆಯಾ?

ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ತಾತನ ಜಾಗದಲ್ಲಿ ಅಜ್ಜಿ, ಜಾತ್ರೆಯ ಜಾಗದಲ್ಲಿ ಮದುವೆ ಮನೆ, ಅಷ್ಟೇ ವ್ಯತ್ಯಾಸ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ದೇಹ ಒಂದೇ ಹೊತ್ತಿಗೆ ಎರಡು ಕಡೆ ಇತ್ತು ಅಂತ ಒಪ್ಪುವಷ್ಟು ಗಟ್ಟಿ ಪುರಾವೆ ಇವತ್ತಿನವರೆಗೂ ಸಿಕ್ಕಿಲ್ಲ. ಹಾಗಂತ ನಿಮ್ಮ ತಾತ ಸುಳ್ಳು ಹೇಳಿದರು ಅಂತಲೂ ನಾನು ಹೇಳುವುದಿಲ್ಲ. ಯಾರೂ ಸುಳ್ಳು ಹೇಳದೆಯೂ ಇಂಥ ಕಥೆ ಹುಟ್ಟಬಹುದು. ಅದು ಹೇಗೆ ಅಂತ ತೋರಿಸೋಕೆ ನಾನು ನಮ್ಮ ಊರಿನ ಕಥೆ ಬಿಟ್ಟು 400 ವರ್ಷ ಹಿಂದಿನ ಸ್ಪೇನಿಗೆ ಹೋಗುತ್ತೇನೆ. ಯಾಕೆಂದರೆ ಇಂಥ ಸಂಗತಿಯ ಬಗ್ಗೆ ಅಲ್ಲಿಯಷ್ಟು ಕಾಗದಪತ್ರ ಉಳಿದಿರುವ ಕಡೆ ತುಂಬಾ ಕಮ್ಮಿ.

ಸ್ಪೇನಿನ ಉತ್ತರದಲ್ಲಿ ಆಗ್ರೆದಾ ಅಂತ ಒಂದು ಸಣ್ಣ ಊರು. ಅಲ್ಲಿ 1602ರಲ್ಲಿ ಮರಿಯಾ ಹುಟ್ಟಿದಳು. ಆಕೆ ಹದಿಹರೆಯದಲ್ಲಿದ್ದಾಗ ತಾಯಿ ತಮ್ಮ ಮನೆಯನ್ನೇ ಕನ್ಯಾಸ್ತ್ರೀಯರ ಮಠ ಮಾಡಿಬಿಟ್ಟರು. ತಾಯಿ, ಮಗಳು ಇಬ್ಬರೂ ಅಲ್ಲೇ ದೀಕ್ಷೆ ತೆಗೆದುಕೊಂಡರು. ತಂದೆ, ಅಣ್ಣತಮ್ಮಂದಿರು ಫ್ರಾನ್ಸಿಸ್ಕನ್ ಅನ್ನುವ ಕ್ರೈಸ್ತ ಸನ್ಯಾಸಿಗಳ ಪಂಗಡಕ್ಕೆ ಸೇರಿದರು. ಇಡೀ ಮನೆಯೇ ಸನ್ಯಾಸಕ್ಕೆ ಹೋಯಿತು ಅನ್ನಿ. ಮರಿಯಾಳ ಮಠದವರು ಬಿಳಿ ಉಡುಪಿನ ಮೇಲೆ ನೀಲಿ ಮೇಲಂಗಿ ಹೊದೆಯುತ್ತಿದ್ದರು. ಈ ನೀಲಿ ಬಣ್ಣ ನೆನಪಿಟ್ಟುಕೊಳ್ಳಿ.

ಮರಿಯಾ ಕಠಿಣ ಉಪವಾಸ ಮಾಡುತ್ತಿದ್ದಳು, ನಿದ್ದೆ ತೀರಾ ಕಡಿಮೆ. 1620ರ ಸುಮಾರಿಗೆ ಪ್ರಾರ್ಥನೆಯ ಹೊತ್ತಲ್ಲಿ ಮೈಮರೆಯೋದು ಶುರುವಾಯಿತು. ಕರೆದರೆ ಓಗೊಡುತ್ತಿರಲಿಲ್ಲ, ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ಆ ಸ್ಥಿತಿಯಲ್ಲಿ ಆಕೆಯ ಮೈ ಎಷ್ಟು ಹಗುರವಾಗುತ್ತಿತ್ತು ಅಂದರೆ, ಉಫ್ ಅಂತ ಊದಿದರೂ ಗರಿಯ ಹಾಗೆ ಅಲುಗುತ್ತಿತ್ತಂತೆ. ಮಠದ ಒಳಗಿನವರೇ ಹೊರಗಿನ ಜನರನ್ನು ಕರೆದು ಇದನ್ನು ತೋರಿಸುತ್ತಿದ್ದರು. ಆಕೆಗೆ ಮಾತ್ರ ಇದು ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ನಾಚಿಕೆಯಿಂದ ಕುಗ್ಗಿಹೋದಳು, ಈ ಹೊರಗೆ ಕಾಣುವ ಲಕ್ಷಣಗಳೆಲ್ಲ ನಿಂತುಹೋಗಲಿ ಅಂತ ದೇವರನ್ನು ಬೇಡಿಕೊಂಡಳು. ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗಿ. ಅವಳನ್ನು ಕೇಳದೆಯೇ ಅವಳನ್ನೊಂದು ನೋಟ ಮಾಡಿಟ್ಟಿದ್ದರು. ಈ ಜಾಗ ಓದುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ಮೈಮರೆತಾಗ ತಾನು ಎಲ್ಲಿಗೆ ಹೋಗುತ್ತೇನೆ ಅನ್ನೋದನ್ನು ಆಕೆ ತನ್ನ ಗುರುಗಳಿಗೆ ಹೇಳಿಕೊಂಡಳು. ಸಮುದ್ರದಾಚೆ, ಹೊಸ ಜಗತ್ತಿನಲ್ಲಿ, ಅಂದರೆ ಅಮೆರಿಕದಲ್ಲಿ, ಕ್ರಿಸ್ತನ ಹೆಸರೇ ಕೇಳದ ಜನರ ನಡುವೆ ನಿಂತು ಬೋಧನೆ ಮಾಡುತ್ತಿದ್ದೆ ಅಂತ. ಇಂಥ ಪ್ರಯಾಣ 500ಕ್ಕೂ ಜಾಸ್ತಿ ಸಲ ಆಗಿತ್ತು ಅಂತ ಲೆಕ್ಕ ಹೇಳುತ್ತಾರೆ. ಆಗ್ರೆದಾದಿಂದ ಆ ನಾಡಿಗೆ 8,000 ಕಿಲೋಮೀಟರ್‌ಗೂ ಜಾಸ್ತಿ ದೂರ. ಆಕೆಯೋ ಮಠದ ಬಾಗಿಲು ದಾಟಿದವಳಲ್ಲ.

ಇನ್ನು ಸಮುದ್ರದ ಆ ಕಡೆಗೆ ಬನ್ನಿ. ಈಗಿನ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಇಸ್ಲೆಟಾ ಅಂತ ಒಂದು ಊರಿದೆ. 1629ರ ಜುಲೈನಲ್ಲಿ ಜುಮಾನೋ ಅನ್ನುವ ಬುಡಕಟ್ಟಿನ ಸುಮಾರು 50 ಜನ ಅಲ್ಲಿನ ಪಾದ್ರಿಗಳ ಹತ್ತಿರ ಬಂದರು. ನಮ್ಮ ಕಡೆಗೂ ಬನ್ನಿ, ಜ್ಞಾನಸ್ನಾನ ಕೊಡಿ ಅಂತ ಕೇಳಿದರು. ಹಿಂದಿನ ವರ್ಷಗಳಲ್ಲೂ ಹೀಗೇ ಕೇಳುತ್ತಾ ಬಂದಿದ್ದರು. ಯಾಕೆ ಬಂದಿರಿ ಅಂತ ಈ ಸಲ ವಿಚಾರಿಸಿದಾಗ, ಗೋಡೆಯ ಮೇಲಿದ್ದ ಲೂಯಿಸಾ ಅನ್ನುವ ಒಬ್ಬ ವಯಸ್ಸಾದ ಕನ್ಯಾಸ್ತ್ರೀಯ ಚಿತ್ರ ತೋರಿಸಿ, ಇಂಥದೇ ಉಡುಪಿನ ಹೆಂಗಸೊಬ್ಬಳು ಬಂದು ನಮಗೆ ಬೋಧಿಸುತ್ತಾಳೆ, ಆದರೆ ಅವಳ ಮುಖ ಬೇರೆ, ಚಿಕ್ಕ ವಯಸ್ಸು, ಚೆಲುವೆ ಅಂದರಂತೆ. ಇದನ್ನು ಮುಂಚೆ ಯಾಕೆ ಹೇಳಲಿಲ್ಲ ಅಂದರೆ, ನೀವು ಕೇಳಲಿಲ್ಲವಲ್ಲ ಅಂದರಂತೆ. ಹುವಾನ್ ದೆ ಸಾಲಾಸ್ ಅನ್ನುವ ಪಾದ್ರಿ ಇನ್ನೊಬ್ಬರನ್ನು ಕರೆದುಕೊಂಡು ಅವರ ಜೊತೆ ಹೊರಟರು. ಅಲ್ಲಿ ಜನ ಹೂವು ಕಟ್ಟಿದ ಶಿಲುಬೆ ಹಿಡಿದು ಎದುರುಗೊಂಡರು ಅಂತ ವರದಿ.

ಮೈ ಜುಮ್ ಅನ್ನುತ್ತದೆ, ಅಲ್ವಾ? ನನಗೂ ಮೊದಲ ಸಲ ಹಾಗೇ ಆಗಿತ್ತು.

ಈಗ ನಿಧಾನಕ್ಕೆ ನೋಡೋಣ. ಈ ವರದಿ ಬರೆದವರು ಯಾರು? ಅಲೊನ್ಸೊ ದೆ ಬೆನಾವಿದೆಸ್, ನ್ಯೂ ಮೆಕ್ಸಿಕೋದ ಫ್ರಾನ್ಸಿಸ್ಕನ್ ಪಾದ್ರಿಗಳ ಮುಖ್ಯಸ್ಥ. ಆತ 1630ರಲ್ಲಿ ಸ್ಪೇನಿಗೆ ಬಂದು ರಾಜ ನಾಲ್ಕನೇ ಫಿಲಿಪ್‌ಗೆ ಕೊಟ್ಟ ದೊಡ್ಡ ಮನವಿಯಲ್ಲಿ ಈ ಕಥೆ ಇದೆ. ಆ ಮನವಿಯ ಉದ್ದೇಶ ಇನ್ನಷ್ಟು ಪಾದ್ರಿಗಳು ಬೇಕು, ಇನ್ನಷ್ಟು ಹಣ ಬೇಕು ಅನ್ನೋದು. ಜುಮಾನೋಗಳ ಸ್ವಂತ ಮಾತಿನಲ್ಲಿ ಇದರ ಬಗ್ಗೆ ಏನೂ ಉಳಿದಿಲ್ಲ. ನಮಗೆ ಸಿಗೋದು ಅವರು ಹೀಗಂದರು ಅಂತ ಬೆನಾವಿದೆಸ್ ಬರೆದದ್ದು ಮಾತ್ರ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಮರಿಯಾಳ ಸುದ್ದಿ ಜುಮಾನೋಗಳು ಬಾಯಿ ಬಿಡುವ ಮುಂಚೆಯೇ ಅಮೆರಿಕ ತಲುಪಿತ್ತು! ಆಗ್ರೆದಾದ ಪಾದ್ರಿ ಸೆಬಾಸ್ತಿಯಾನ್ ಮಾರ್ಸಿಯಾ ಮೆಕ್ಸಿಕೋದ ಆರ್ಚ್‌ಬಿಷಪ್‌ಗೆ ಪತ್ರ ಬರೆದಿದ್ದರು. ಆರ್ಚ್‌ಬಿಷಪ್ 1628ರಲ್ಲಿ, ಇದು ನಿಜವಾ ವಿಚಾರಿಸಿ ಅಂತ ಆದೇಶ ಮಾಡಿದರು. ಆ ಆದೇಶ 1629ರಲ್ಲಿ ಹೊಸ ಪಾದ್ರಿಗಳ ಜೊತೆ ನ್ಯೂ ಮೆಕ್ಸಿಕೋಗೆ ಬಂತು. ಆಮೇಲೆ ಬಂದರು ಜುಮಾನೋಗಳು. ಅಂದರೆ ಕೇಳುವವರ ತಲೆಯಲ್ಲಿ ಉತ್ತರ ಆಗಲೇ ಕೂತಿತ್ತು. ನಿಮ್ಮ ಹತ್ತಿರ ಯಾರಾದರೂ ಹೆಂಗಸು ಬಂದಿದ್ದಳಾ ಅಂತ ಆಸೆಯಿಂದ ಕೇಳುವವನಿಗೆ, ಅವನ ಭಾಷೆ ಸರಿಯಾಗಿ ಬಾರದವರು, ಅವನಿಂದ ಸಹಾಯ ಬೇಕಾದವರು ಏನು ಉತ್ತರ ಕೊಡುತ್ತಾರೆ ಅಂತ ನೀವೇ ಯೋಚಿಸಿ. ಜುಮಾನೋಗಳಿಗೆ ಸಹಾಯ ನಿಜಕ್ಕೂ ಬೇಕಿತ್ತು. ಅವರು ವ್ಯಾಪಾರ ಮಾಡುತ್ತಿದ್ದ ಜನ, ಅಪಾಚೆ ಅನ್ನುವ ಇನ್ನೊಂದು ಬುಡಕಟ್ಟಿನ ಜೊತೆ ವೈರ ಇತ್ತು. ಸ್ಪೇನಿನವರು ಜೊತೆಗಿದ್ದರೆ ಅವರಿಗೆ ಬಲ.

ಬೆನಾವಿದೆಸ್ ಅಲ್ಲಿಗೇ ನಿಲ್ಲಿಸಲಿಲ್ಲ. 1631ರಲ್ಲಿ ಆಗ್ರೆದಾಕ್ಕೆ ಹೋಗಿ ಮರಿಯಾಳನ್ನು ಭೇಟಿ ಮಾಡಿದರು. ಆಕೆ ಆಗ 29ರ ತರುಣಿ, ಎದುರಿಗೆ ಕೂತವರೆಲ್ಲ ಆಕೆ ಮಾತು ಮೀರಬಾರದ ಹಿರಿಯ ಪಾದ್ರಿಗಳು. ಅಲ್ಲಿನ ಜಾಗ, ಅಲ್ಲಿನ ಜನ, ಎಲ್ಲವನ್ನೂ ಆಕೆ ಸರಿಯಾಗಿ ಹೇಳಿದಳು ಅಂತ ಅವರು ಬರೆದರು, ಆಕೆಯಿಂದಲೂ ಒಂದು ಪತ್ರ ಬರೆಸಿ ನ್ಯೂ ಮೆಕ್ಸಿಕೋದ ಪಾದ್ರಿಗಳಿಗೆ ಕಳಿಸಿದರು.

ಇಲ್ಲಿ ನಾನು ಹೇಳಬೇಕಾದ ಮಾತು ಬಂತು. ಎರಡು ಕಡೆ ಕಾಣಿಸಿಕೊಂಡ ಯಾವ ಕಥೆಯನ್ನಾದರೂ ತೆಗೆದುಕೊಳ್ಳಿ, ಅದರಲ್ಲಿ ಮೂರು ಥರದ ಜನ ಇರುತ್ತಾರೆ. ಇಲ್ಲಿ ನೋಡಿದವರು, ಅಲ್ಲಿ ನೋಡಿದವರು, ಮತ್ತೆ ಇವೆರಡನ್ನೂ ಕೂಡಿಸಿ ಹೊಲಿದವರು. ಇಲ್ಲಿಯವರು ನೋಡಿದ್ದು ನಿಜ ಇರಬಹುದು: ಮರಿಯಾ ಮಠದಲ್ಲೇ ಇದ್ದಳು, ಮೈಮರೆತಿದ್ದಳು. ಅಲ್ಲಿಯವರು ನೋಡಿದ್ದರಲ್ಲೂ ಏನೋ ನಿಜ ಇರಬಹುದು. ಆದರೆ ಇಬ್ಬರೂ ಒಬ್ಬಳೇ, ಹೊತ್ತೂ ಒಂದೇ ಅಂತ ತೀರ್ಮಾನ ಮಾಡಿದ್ದು ಮೂರನೆಯವರು. ಪವಾಡ ಇರೋದೆಲ್ಲ ಆ ಹೊಲಿಗೆಯಲ್ಲಿ. ನಿಮ್ಮ ತಾತನ ಕಥೆಯಲ್ಲೂ ಹುಡುಕಿ ನೋಡಿ. ಜಾತ್ರೆಯಲ್ಲಿ ಸ್ವಾಮಿಗಳನ್ನು ಕಂಡವರು, ಮಠದಲ್ಲಿ ಕಂಡವರು ಒಟ್ಟಿಗೆ ಕೂತು ದಿನ, ಗಳಿಗೆ ತಾಳೆ ನೋಡಿದ್ದರಾ, ಅಥವಾ ಎಷ್ಟೋ ದಿನ ಆದ ಮೇಲೆ ಯಾರೋ ಒಬ್ಬರು ಎರಡೂ ಮಾತು ಕೇಳಿ ಜೋಡಿಸಿದರಾ?

ಮರಿಯಾ ಸ್ವತಃ ಏನು ಹೇಳಿದಳು ಅನ್ನೋದೇ ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ. ಇನ್‌ಕ್ವಿಸಿಷನ್, ಅಂದರೆ ಚರ್ಚಿನ ವಿಚಾರಣಾ ಮಂಡಳಿ, 1635ರಲ್ಲಿ ಒಮ್ಮೆ ಆಕೆಯ ವಿಷಯ ಕೆದಕಿ ಬಿಟ್ಟಿತ್ತು. 1650ರ ಜನವರಿಯಲ್ಲಿ ಮತ್ತೆ ಬಂದರು. ಆಗ ಆಕೆಗೆ 47, ಮೈ ಹುಷಾರಿರಲಿಲ್ಲ. ಹತ್ತು ದಿನದ ಹತ್ತಿರ ವಿಚಾರಣೆ ನಡೆಯಿತು, ಸುಮಾರು 80 ಪ್ರಶ್ನೆ. ಇದೇ ಥರ ಹೆಸರು ಮಾಡಿದ್ದ, ಆ ಚಿತ್ರದಲ್ಲಿದ್ದ ಲೂಯಿಸಾ ತಮ್ಮ ಮೇಲಿನ ವಿಚಾರಣೆ ಮುಗಿಯುವ ಮುಂಚೆಯೇ ತೀರಿಕೊಂಡಿದ್ದರು. ಅದಕ್ಕೇ ಹೇಳೋದು, ಭಯಪಡಲು ಕಾರಣ ಇತ್ತು. ಆದರೂ ಆಕೆ ನೇರವಾಗಿ ಉತ್ತರಿಸಿದಳು. ಆ ಹಳೇ ವರದಿಯಲ್ಲಿ ಪಾದ್ರಿಗಳು ಉತ್ಪ್ರೇಕ್ಷೆ ಮಾಡಿದ್ದಾರೆ, ನಾನು ವಿಧೇಯತೆಯಿಂದ ಸಹಿ ಹಾಕಿದೆ ಅಂದಳು. ಅನುಭವ ಆದದ್ದು ನಿಜ, ಆದರೆ ದೇಹದ ಸಮೇತ ಹೋಗಿದ್ದೆನಾ ಇಲ್ಲವಾ ಅಂತ ಖಚಿತವಾಗಿ ಹೇಳಲಾರೆ, ನನ್ನ ರೂಪದಲ್ಲಿ ಒಬ್ಬ ದೇವದೂತ ಅಲ್ಲಿಗೆ ಹೋಗಿರಬಹುದು ಅನ್ನೋದೇ ಸರಿ ಅನಿಸುತ್ತದೆ ಅಂತ ಬರೆದಳು. ನಾನೇ ಹೋಗಿದ್ದೆ ಅಂತ ಹಠ ಹಿಡಿಯಲಿಲ್ಲ, ಎಲ್ಲ ಸುಳ್ಳು ಅಂತ ಪೂರ್ತಿ ಕೈ ತೊಳೆದುಕೊಳ್ಳಲೂ ಇಲ್ಲ. ವಿಚಾರಣೆ ಮಾಡಿದವರು ಆಕೆಯ ಮೇಲೆ ಗೌರವ ಇಟ್ಟುಕೊಂಡೇ ವಾಪಸ್ ಹೋದರು. ರಾಜ ಫಿಲಿಪ್ ಅಂತೂ 1643ರಿಂದ ಆಕೆ ಸಾಯುವವರೆಗೂ, 1665ರ ತನಕ, ಆಕೆಗೆ ಪತ್ರ ಬರೆಯುತ್ತಲೇ ಇದ್ದ. ಇಬ್ಬರ ನಡುವೆ ಓಡಾಡಿದ್ದು 600ಕ್ಕೂ ಜಾಸ್ತಿ ಪತ್ರ.

ಹಾಗಾದರೆ ಆಕೆಗೆ ಆದದ್ದೇನು? ಇಲ್ಲಿ ವಿಜ್ಞಾನ ಸ್ವಲ್ಪ ಸಹಾಯ ಮಾಡುತ್ತದೆ. ನಾನು ಇಲ್ಲಿದ್ದೇನೆ, ಈ ಮೈಯೊಳಗೆ ಇದ್ದೇನೆ ಅನ್ನುವ ಭಾವನೆ ತಾನಾಗೇ ಇರುವಂಥದ್ದಲ್ಲ. ಕಣ್ಣು, ಕಿವಿಯೊಳಗಿನ ಸಮತೋಲನದ ಅಂಗ, ಚರ್ಮ, ಕೀಲು ಇವೆಲ್ಲ ಕಳಿಸುವ ಸುದ್ದಿಯನ್ನು ಕೂಡಿಸಿ ಮೆದುಳು ಅದನ್ನು ಕ್ಷಣಕ್ಷಣವೂ ಕಟ್ಟುತ್ತಿರುತ್ತದೆ. 2002ರಲ್ಲಿ ಸ್ವಿಟ್ಜರ್ಲೆಂಡಿನ ಓಲಾಫ್ ಬ್ಲಾಂಕೆ ಮತ್ತು ಜೊತೆಯವರು ಒಬ್ಬ ಮೂರ್ಛೆರೋಗಿಯ ಮೆದುಳಿಗೆ ಚಿಕಿತ್ಸೆಯ ಭಾಗವಾಗಿ ಸಣ್ಣ ವಿದ್ಯುತ್ ಹರಿಸಿದರು. ಬಲಗಡೆ, ಕಿವಿಯಿಂದ ಸ್ವಲ್ಪ ಮೇಲೆ, ಹಿಂದೆ ಇರುವ ಜಾಗ ಅದು. ಆಕೆ ತಾನು ಮೇಲೆ ತೇಲುತ್ತಿದ್ದೇನೆ, ಹಾಸಿಗೆ ಮೇಲೆ ಮಲಗಿರುವ ತನ್ನನ್ನೇ ನೋಡುತ್ತಿದ್ದೇನೆ ಅಂದಳು. 2006ರಲ್ಲಿ ಇದೇ ಗುಂಪು ಇನ್ನೊಬ್ಬ ರೋಗಿಯಲ್ಲಿ ಎಡಗಡೆ ಪ್ರಚೋದಿಸಿದಾಗ, ತನ್ನ ಹಿಂದೆ ಯಾರೋ ಇದ್ದಾರೆ, ತಾನು ಕೂತ ಹಾಗೇ ಕೂರುತ್ತಾರೆ ಅನಿಸಿತು. ರೋಗ ಇಲ್ಲದವರಲ್ಲೂ ಕ್ಯಾಮೆರಾ ಮತ್ತು ಕನ್ನಡಕದಂಥ ಪರದೆ ಇಟ್ಟು ತಾನು ತನ್ನ ಮೈಯ ಹೊರಗಿದ್ದೇನೆ ಅನಿಸುವ ಹಾಗೆ ಮಾಡಬಹುದು ಅಂತ 2007ರಲ್ಲಿ ತೋರಿಸಿದರು. ವಾರಗಟ್ಟಲೆ ಉಪವಾಸ, ನಿದ್ದೆಗೆಟ್ಟ ರಾತ್ರಿ, ಒಂದೇ ಕಡೆ ನೆಟ್ಟ ಮನಸ್ಸು, ಜೊತೆಗೆ ತನ್ನ ಪಂಗಡದ ಪಾದ್ರಿಗಳು ಆ ದೂರದ ನಾಡಿಗೆ ಹೋಗುತ್ತಿರುವ ಸುದ್ದಿ. ಮನಸ್ಸು ಅಲ್ಲಿಗೆ ಹೋಗಿಬಂತು ಅನ್ನೋದರಲ್ಲಿ ನನಗೆ ಆಶ್ಚರ್ಯ ಇಲ್ಲ.

ಮೈ ಹೊರಗಿಂದ ನಿಜವಾದ ಮಾಹಿತಿ ತರೋಕೆ ಆಗುತ್ತಾ ಅನ್ನೋದು ಬೇರೆ ಪ್ರಶ್ನೆ. ಅದನ್ನೂ ಪರೀಕ್ಷೆ ಮಾಡಿದ್ದಾರೆ. ಹೃದಯ ನಿಂತು ಬದುಕಿ ಬಂದವರು ತಾವು ಮೇಲಿನಿಂದ ಎಲ್ಲ ನೋಡಿದೆವು ಅನ್ನುತ್ತಾರಲ್ಲ, ಅದಕ್ಕಾಗಿ ಆಸ್ಪತ್ರೆಗಳಲ್ಲಿ ಮೇಲಿನಿಂದ ಮಾತ್ರ ಕಾಣುವ ಹಾಗೆ ಎತ್ತರದ ಹಲಗೆ ಮೇಲೆ ಚಿತ್ರ ಇಟ್ಟರು. 2014ರಲ್ಲಿ ಬಂದ ಆ ಅಧ್ಯಯನದಲ್ಲಿ 2,060 ಹೃದಯ ಸ್ತಂಭನದ ಪ್ರಕರಣಗಳಿದ್ದವು. ಬದುಕಿದವರಲ್ಲಿ 140 ಜನರನ್ನು ಮಾತಾಡಿಸಿದರು. ಆ ಚಿತ್ರ ನೋಡಿದೆ ಅಂದವರು ಒಬ್ಬರೂ ಇರಲಿಲ್ಲ. ಅಮೆರಿಕದ ಸರ್ಕಾರ ಕೂಡ 1970ರ ದಶಕದಿಂದ ಕೂತಲ್ಲೇ ದೂರದ್ದನ್ನು ನೋಡುವವರನ್ನು ಬೇಹುಗಾರಿಕೆಗೆ ಬಳಸಲು ನೋಡಿತು. 1995ರಲ್ಲಿ ಅದನ್ನು ಮುಚ್ಚಿದರು. ಪರಿಶೀಲನೆ ಮಾಡಿದವರಲ್ಲಿ ಒಬ್ಬ ಸಂಖ್ಯಾಶಾಸ್ತ್ರಜ್ಞೆ ಏನೋ ಇದೆ ಅಂದರು, ಮನಶ್ಶಾಸ್ತ್ರಜ್ಞ ಒಪ್ಪಲಿಲ್ಲ. ಬೇಹುಗಾರಿಕೆಯ ಕೆಲಸಕ್ಕೆ ಅದು ಪ್ರಯೋಜನಕ್ಕೆ ಬರಲಿಲ್ಲ ಅಂತ ವರದಿ ಹೇಳಿತು.

ಇಷ್ಟು ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ, ನಮ್ಮ ಯೋಗಿಗಳನ್ನು ಸಣ್ಣದು ಮಾಡಿದಿರಿ ಅಂತ. ಆದರೆ ನಮ್ಮ ಪರಂಪರೆಯೇ ಇದನ್ನು ದೊಡ್ಡದು ಅಂತ ನೋಡಿಲ್ಲ. ಪತಂಜಲಿಯ ಸೂತ್ರಗಳ ಮೂರನೇ ಪಾದದಲ್ಲಿ ಸಿದ್ಧಿಗಳ ದೊಡ್ಡ ಪಟ್ಟಿಯೇ ಇದೆ. ಅದೇ ಪಾದದಲ್ಲಿ, ಇವು ಸಮಾಧಿಗೆ ಅಡ್ಡಿ ಅಂತಲೂ ಇದೆ. ಇನ್ನು ನಮ್ಮ ಅಲ್ಲಮ ಮತ್ತು ಗೋರಕ್ಷನ ಕಥೆ ಇದೆಯಲ್ಲ. ಗೋರಕ್ಷ ವಜ್ರದಂಥ ದೇಹ ಸಾಧಿಸಿದ್ದ, ಕತ್ತಿಯಿಂದ ಹೊಡೆದರೆ ಖಣಿಲ್ ಅಂತ ಶಬ್ದ ಬಂತೇ ಹೊರತು ಗಾಯ ಆಗಲಿಲ್ಲ. ಆಮೇಲೆ ಅವನೇ ಅಲ್ಲಮನಿಗೆ ಕತ್ತಿ ಬೀಸಿದ. ಕತ್ತಿ ಗಾಳಿಯಲ್ಲಿ ಆಡಿದ ಹಾಗೆ ಆಡಿತು, ಸದ್ದೇ ಇಲ್ಲ. ಗೋರಕ್ಷ ಅಲ್ಲಿ ತಲೆಬಾಗಿದ. ಕಥೆ ಕೂಡ ಪವಾಡದ ರೂಪದಲ್ಲೇ ಇದೆ, ನಿಜ. ಆದರೆ ಸೋತದ್ದು ಯಾರು ನೋಡಿ. ದೇಹದಿಂದ ಏನೇನು ಮಾಡಬಹುದು ಅಂತ ತೋರಿಸಲು ಹೋದವನು.

ಕ್ಯಾಥೊಲಿಕ್ ಚರ್ಚೂ ಹೆಚ್ಚುಕಮ್ಮಿ ಹೀಗೇ. ಇಟಲಿಯ ಪಾದ್ರೆ ಪಿಯೊ ಅನ್ನುವ ಪಾದ್ರಿ ಒಂದೇ ಹೊತ್ತಿಗೆ ಎರಡು ಕಡೆ ಕಾಣಿಸಿಕೊಂಡ ಕಥೆಗಳು ಬೇಕಾದಷ್ಟಿವೆ. 2002ರಲ್ಲಿ ಅವರನ್ನು ಸಂತ ಅಂತ ಘೋಷಿಸುವಾಗ ಲೆಕ್ಕಕ್ಕೆ ತೆಗೆದುಕೊಂಡದ್ದು ಅವರು ತೀರಿಕೊಂಡ ಮೇಲೆ ನಡೆದ, ಕಾಯಿಲೆ ವಾಸಿಯಾದ ಪ್ರಕರಣಗಳನ್ನು. ಮರಿಯಾ ಅಂತೂ 1673ರಲ್ಲೇ ಸಂತ ಪದವಿಯ ದಾರಿಯಲ್ಲಿ ಪೂಜ್ಯಳು ಅನ್ನುವ ಮೆಟ್ಟಿಲು ಏರಿದಳು, ಇವತ್ತಿಗೂ ಅಲ್ಲೇ ಇದ್ದಾಳೆ.

ಕೊನೆಗೆ ಒಂದು ಸಂಗತಿ ಹೇಳಲೇಬೇಕು. 1690ರ ಸುಮಾರಿಗೆ ಈಗಿನ ಟೆಕ್ಸಾಸ್‌ನ ಪೂರ್ವಭಾಗಕ್ಕೆ ದಮಿಯಾನ್ ಮಸಾನೆತ್ ಅನ್ನುವ ಪಾದ್ರಿ ಹೋದರು. ಅವರಿಗೆ ಮರಿಯಾಳ ಕಥೆ ಚೆನ್ನಾಗಿ ಗೊತ್ತಿತ್ತು, ಅಂದರೆ ಹೊಲಿಯುವವರು ಇಲ್ಲೂ ಇದ್ದರು, ಅದನ್ನು ಮರೆಯಬಾರದು. ಅಲ್ಲಿನ ಒಬ್ಬ ಮುಖಂಡ ಅವರ ಹತ್ತಿರ ಬಂದು, ಮುಂದೆ ನಮ್ಮ ಅಮ್ಮ ಸತ್ತಾಗ ಹೊದಿಸೋಕೆ ಒಂದು ನೀಲಿ ಬಟ್ಟೆ ಕೊಡಿ ಅಂದ. ಬೇರೆ ಬಟ್ಟೆ ಆಗಬಹುದಲ್ಲ ಅಂದರೆ ಒಪ್ಪಲಿಲ್ಲ. ನೀಲಿಯೇ ಯಾಕೆ ಅಂತ ಪಾದ್ರಿ ಕೇಳಿದರು. ಹಿಂದೆ ನೀಲಿ ಉಟ್ಟ ಚೆಲುವೆಯೊಬ್ಬಳು ನಮ್ಮ ಬೆಟ್ಟದಿಂದ ಇಳಿದು ಬರುತ್ತಿದ್ದಳಂತೆ, ನಾನು ನೋಡಿಲ್ಲ, ನಮ್ಮ ಅಮ್ಮ ನೋಡಿದ್ದಾಳೆ, ಅವಳ ಹಾಗೇ ಹೋಗಬೇಕು ಅಂತ ಅವಳಿಗೆ ಆಸೆ ಅಂದ.