ಫೆಬ್ರವರಿ 27ಕ್ಕೆ ಕೆಂಪು ಬಳಿಯಬೇಡಿ

ವಿಯೆಟ್ನಾಂ ಆಸ್ಪತ್ರೆಗಳಿಗೆ ಯಂತ್ರೋಪಕರಣ ಕಳಿಸುವ ಇಲ್ಲಿನ ಕಂಪನಿಗಳಿಗೆ ವೇಳಾಪಟ್ಟಿ ಹಾಕಿಕೊಡುವುದು ನನ್ನ ಕಸುಬು. ವರ್ಷ ಬಿಡದೆ ಯಾರಾದರೊಬ್ಬರು ಫೆಬ್ರವರಿ 27ಕ್ಕೆ ಕೆಂಪು ಬಳಿದ ಕ್ಯಾಲೆಂಡರ್ ಕಳಿಸುತ್ತಾರೆ: ‘ವೈದ್ಯರ ದಿನ, ಆಸ್ಪತ್ರೆ ರಜೆ’. ಸ್ವಾಮಿ, ನಮ್ಮ ವೈದ್ಯರ ದಿನವಾದ ಜುಲೈ 1ರಂದು ನಿಮ್ಮೂರಿನ ಡಾಕ್ಟರು ಕೇಕ್ ಕತ್ತರಿಸಿ ಒಪಿಡಿಗೆ ಹೋಗುವುದಿಲ್ಲವೇ? ಅಲ್ಲಿಯೂ ಅಷ್ಟೇ.

1955ರ ಫೆಬ್ರವರಿ 27ರಂದು ಉತ್ತರ ವಿಯೆಟ್ನಾಂನ ಅಧ್ಯಕ್ಷ ಹೊ ಚಿ ಮಿನ್ ಆರೋಗ್ಯ ಕಾರ್ಯಕರ್ತರ ಸಮ್ಮೇಳನಕ್ಕೊಂದು ಪತ್ರ ಬರೆದರು. ಒಗ್ಗಟ್ಟಾಗಿರಿ, ರೋಗಿಗಳನ್ನು ಪ್ರೀತಿಸಿ, ನಮ್ಮದೇ ವೈದ್ಯಪದ್ಧತಿ ಕಟ್ಟಿ ಎಂಬುದು ಅದರ ಸಾರ. ವೈದ್ಯ ಮಮತೆಯ ತಾಯಿಯಂತಿರಬೇಕು ಎಂಬ ಮಾತೂ ಅದರಲ್ಲಿದೆ. ಮೂವತ್ತು ವರ್ಷ ಕಳೆದು, 1985ರಲ್ಲಿ, ಸರ್ಕಾರ ಆ ತಾರೀಖನ್ನು ವೈದ್ಯರ ದಿನವೆಂದು ಗೊತ್ತುಮಾಡಿತು. ಗೌರವಿಸುವ ದಿನ ಅದು, ಬಾಗಿಲು ಹಾಕುವ ದಿನವಲ್ಲ. ನವೆಂಬರ್ 20ರ ಶಿಕ್ಷಕರ ದಿನವೂ ಹೀಗೆಯೇ.

ಹಾಗೆಂದು ಅವತ್ತು ಬೆಳಿಗ್ಗೆ ಹತ್ತಕ್ಕೆ ನಿರ್ದೇಶಕರ ಭೇಟಿ ಗೊತ್ತುಮಾಡಿಕೊಳ್ಳುವುದೂ ಜಾಣತನವಲ್ಲ. ಸಭಾಂಗಣದಲ್ಲಿ ಸಮಾರಂಭ ಇರುತ್ತದೆ. ರಿಬ್ಬನ್ ಕಟ್ಟಿದ ಹೂವಿನ ಬುಟ್ಟಿಗಳು ಬರುತ್ತಲೇ ಇರುತ್ತವೆ, ಭಾಷಣ ಲಂಬಿಸುತ್ತದೆ. ತುರ್ತು ಚಿಕಿತ್ಸಾ ವಿಭಾಗಕ್ಕೆ ಇದ್ಯಾವುದೂ ತಟ್ಟುವುದಿಲ್ಲ. ಶುಭಾಶಯ ಕಳಿಸುವುದಾದರೆ ನರ್ಸುಗಳನ್ನೂ ಎಕ್ಸ್‌ರೇ ತಂತ್ರಜ್ಞರನ್ನೂ ಸೇರಿಸಿಯೇ ಕಳಿಸಿ. ನಿಮ್ಮ ಯಂತ್ರ ಕೆಟ್ಟಾಗ ಫೋನ್ ಮಾಡುವವರು ಅವರೇ.

ಇರದ ರಜೆಗೆ ಇಷ್ಟು ಹೆದರುವವರು ನಿಜವಾದ ರಜೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳುತ್ತಾರೆ. 2019ರ ಕಾರ್ಮಿಕ ಸಂಹಿತೆಯ ಪಟ್ಟಿಯಲ್ಲಿ ಜನವರಿ 1, ಚಾಂದ್ರಮಾನ ಹೊಸ ವರ್ಷವಾದ ಟೆಟ್‌ಗೆ ಐದು ದಿನ, ದೇಶದ ಮೂಲಪುರುಷರೆನ್ನುವ ಹುಂಗ್ ರಾಜರ ಸ್ಮರಣೆಗೆ ಮೂರನೇ ಚಾಂದ್ರಮಾಸದ ಹತ್ತನೇ ದಿನ, ಏಪ್ರಿಲ್ 30, ಮೇ 1, ಸೆಪ್ಟೆಂಬರ್ 2 ಸೇರಿ ಎರಡು ದಿನ ಇವೆ. ಈ ದಿನಗಳಲ್ಲಿ ದುಡಿಸಿಕೊಂಡರೆ ರಜೆಯ ಸಂಬಳವಲ್ಲದೆ ಕನಿಷ್ಠ ದಿನಗೂಲಿಯ ಶೇ. 300 ಕೊಡಬೇಕು. ಹಾಗಾಗಿ ‘ಒಬ್ಬರನ್ನಾದರೂ ಕರೆಸಿ’ ಎಂದು ಸುಮ್ಮನೆ ಕೇಳಬೇಡಿ.

ಟೆಟ್‌ಗೆ ಐದೇ ದಿನ ಎಂಬುದು ಕಾನೂನಿನ ಲೆಕ್ಕ. ಊರಿನ ಲೆಕ್ಕ ಬೇರೆ. ಚಾಂದ್ರಮಾನ ವರ್ಷದ ಕೊನೆಯ ತಿಂಗಳ 23ನೇ ದಿನ ಅಡುಗೆಮನೆ ದೇವರನ್ನು ಸ್ವರ್ಗಕ್ಕೆ ಬೀಳ್ಕೊಟ್ಟು ಕೆರೆಗೆ ಕಾರ್ಪ್ ಮೀನು ಬಿಡುತ್ತಾರೆ. ಅಲ್ಲಿಗೆ ಕಚೇರಿಯ ಮನಸ್ಸು ಊರಿಗೆ ಹೊರಟಿತೆಂದೇ ತಿಳಿಯಿರಿ. ಸಾರಿಗೆಯವರು, ಗೋದಾಮಿನವರು, ಸಹಿ ಹಾಕಬೇಕಾದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಾರೆ. ಹಬ್ಬ ಮುಗಿದ ವಾರವೂ ಕೆಲಸಕ್ಕಿಂತ ಶುಭಾಶಯದ ಓಡಾಟವೇ ಜಾಸ್ತಿ.

ನಮ್ಮ ಗ್ರಾಹಕರೊಬ್ಬರಿದ್ದಾರೆ, ಒಳ್ಳೆಯ ಮನುಷ್ಯ. ‘ಐದೇ ದಿನ ತಾನೇ ಸಾರ್’ ಎಂದು, ಹಬ್ಬಕ್ಕೆ ನಾಲ್ಕು ದಿನವಿರುವಾಗ ಹೈಫಾಂಗ್ ಬಂದರಿಗೆ ಕಂಟೇನರ್ ಮುಟ್ಟುವಂತೆ ಕಳಿಸಿದರು. ಕಾಗದದಲ್ಲಿ ಒಂದು ಮಾದರಿ ಸಂಖ್ಯೆ ತಪ್ಪಿತ್ತು, ಅದನ್ನು ಸರಿಪಡಿಸಿಕೊಡುವ ಪುಣ್ಯಾತ್ಮ ಊರಿಗೆ ಹೋಗಿದ್ದ. ಬಂದರಿನಲ್ಲಿ ಸರಕು ತಡವಾದದ್ದಕ್ಕೆ ಹಾಕುವ ಡೆಮರೇಜ್ ಬಿಲ್ ನೋಡಿ ಇವರು ನನಗೇ ಫೋನ್ ಮಾಡಿ ಬೈದರು. ಅದೇ ವರ್ಷ ಫೆಬ್ರವರಿ 27ರಂದು ‘ರಜೆ’ ಎಂದುಕೊಂಡು ತಮ್ಮ ಎಂಜಿನಿಯರನ್ನು ಹೋಟೆಲಿನಲ್ಲೇ ಕೂರಿಸಿದ್ದರು. ಆಸ್ಪತ್ರೆಯವರು ಮಧ್ಯಾಹ್ನವೆಲ್ಲ ಅವನ ದಾರಿ ಕಾದಿದ್ದಾರೆ!

ಯುಗಾದಿಯಂತೆ ಟೆಟ್ ಕೂಡ ತಾರೀಖು ಬದಲಿಸುತ್ತದೆ: 2025ರಲ್ಲಿ ಜನವರಿ 29, 2026ರಲ್ಲಿ ಫೆಬ್ರವರಿ 17. ಸರ್ಕಾರ ಕೆಲವೊಮ್ಮೆ ಕೆಲಸದ ದಿನವನ್ನು ಅದಲುಬದಲು ಮಾಡಿ ಶನಿವಾರ ದುಡಿಸುವುದೂ ಉಂಟು. ಆದ್ದರಿಂದ ನನ್ನ ಪಟ್ಟಿಯನ್ನೇ ನೆಚ್ಚಿಕೊಳ್ಳದೆ ಆ ವರ್ಷದ ಪ್ರಕಟಣೆಯನ್ನೂ ಆಯಾ ಆಸ್ಪತ್ರೆಯ ಸೂಚನೆಯನ್ನೂ ತರಿಸಿಕೊಳ್ಳಿ. 2027ರ ಟೆಟ್ ಫೆಬ್ರವರಿ 6, ಶನಿವಾರ. ಸರಕು ಜನವರಿ ಮೊದಲ ವಾರದಲ್ಲೇ ಅಲ್ಲಿರಲಿ. ಫೆಬ್ರವರಿ 27 ಕೂಡ ಶನಿವಾರವೇ. ಸಮಾರಂಭವನ್ನು ಹಿಂದಿನ ದಿನವೇ ಮುಗಿಸುತ್ತಾರೋ ಏನೋ, ವಿಮಾನದ ಟಿಕೆಟ್ ತೆಗೆಯುವ ಮೊದಲು ಒಂದು ಫೋನ್ ಮಾಡಿ ಕೇಳಿ.